ತೊಂಬತ್ತು ದಿನಗಳ ಬಾಣಂತನ

ಚೊಚ್ಚಲ ಬಾಣಂತನವು ತವರುಮನೆಯ ಹೊಣೆಯೆಂಬುದು ಯಾರೂ ಬರೆದಿಟ್ಟ ಕಾನೂನಲ್ಲ. ಆದರೂ ಬರೆದಿಟ್ಟ ಕಾನೂನುಗಳಿಗಿಂತ ಬಿಗಿಯಾಗಿ ನಮ್ಮ ಮನೆತನಗಳು ಅದನ್ನು ನಡೆಸಿಕೊಂಡು ಬಂದಿರುವುವು. ಮೂರು ತಿಂಗಳೋ ಐದು ತಿಂಗಳೋ, ಅನುಕೂಲವಿದ್ದಷ್ಟು ಕಾಲ, ಮಗಳೂ ಕೂಸೂ ತಾಯಿಯ ಆರೈಕೆಯಲ್ಲಿರಬೇಕು. ಮಗಳು ತವರಿಗೆ ಬರಲಾರದಿದ್ದರೆ ತವರೇ ಮಗಳಿದ್ದಲ್ಲಿಗೆ ಹೋಗಬೇಕು. ನಾವು ಇಂಗ್ಲೆಂಡಿನಲ್ಲಿ ನೆಲೆಸಿ ಮೂವತ್ತು ವರ್ಷಗಳ ಮೇಲಾಯಿತು. ಮಗಳನ್ನು ಕೊಟ್ಟಿರುವುದು ಜರ್ಮನಿಗೆ. ವಿಮಾನದಲ್ಲಿ ಒಂದೂವರೆ ಗಂಟೆಯ ದಾರಿ. ಮೈಸೂರಿನಿಂದ ಬೆಂಗಳೂರಿಗೆ ರೈಲಿನಲ್ಲಿ ಹೋಗುವುದಕ್ಕೂ ಅದಕ್ಕಿಂತ ಹೆಚ್ಚು ಹೊತ್ತು ಬೇಕು. ಇಷ್ಟು ಹತ್ತಿರದ ತವರಿಗೂ ಮಗಳ ಮನೆಗೂ ನಡುವೆ ಗಡಿಯೊಂದು ಬಂದು ನಿಂತ ಬಗೆಯನ್ನು ವಾಚಕರ ಮುಂದಿಡೋಣವೆಂದು ಈ ನಾಲ್ಕು ಮಾತು.

ಇಲ್ಲಿ ನಾವೆಂದರೆ ಗಂಡಹೆಂಡಿರಿಬ್ಬರು. ನಾವು ಈ ದೇಶಕ್ಕೆ ಬಂದಾಗ ನಮ್ಮ ಕೈಯಲ್ಲಿದ್ದುದು ಸಿಂಹಮುದ್ರೆಯ ಭಾರತದ ಪಾಸ್‌ಪೋರ್ಟು. ಆಗ ಕಡಲಾಚೆಯ ಪ್ಯಾರಿಸ್ಸನ್ನು ಎರಡು ದಿನ ನೋಡಿಬರಬೇಕಾದರೂ ವೀಸಾ ಬೇಕಾಗಿತ್ತು. ಬ್ಯಾಂಕಿನ ಲೆಕ್ಕಪತ್ರ, ಉದ್ಯೋಗ ಕೊಟ್ಟವರ ಕಾಗದ, ತಂಗುವ ಸ್ಥಳದ ರಸೀತಿ, ಇವನ್ನೆಲ್ಲ ಕಂಕುಳಲ್ಲಿಟ್ಟುಕೊಂಡು ಚಳಿಯಲ್ಲಿ ಬೆಳಗಿನ ಜಾವದಿಂದ ಬೀದಿಯಲ್ಲಿ ನಿಲ್ಲುತ್ತಿದ್ದೆವು. ೨೦೦೯ರಲ್ಲಿ ಬ್ರಿಟನ್ನಿನ ಪೌರತ್ವವನ್ನು ಪಡೆದೆವು. ಭಾರತದ ಕಾನೂನು ಎರಡು ಪೌರತ್ವಗಳನ್ನು ಒಪ್ಪುವುದಿಲ್ಲವಾದ ಕಾರಣ ಹಳೆಯ ಪುಸ್ತಕಗಳನ್ನು ಒಪ್ಪಿಸಬೇಕಾಯಿತು. ರದ್ದಾದ ಗುರುತನ್ನು ಹಾಕಿ ಹಿಂದಕ್ಕೆ ಕೊಟ್ಟರು. ಅವು ಇಂದಿಗೂ ನಮ್ಮ ದೇವರ ಪೆಟ್ಟಿಗೆಯ ಅಡಿಯಲ್ಲಿವೆ. ಆ ದಿನ ಮನಸ್ಸು ಭಾರವಾಗಿದ್ದುದು ನಿಜ. ಆದರೆ ಅದರ ಬದಲಿಗೆ ಬಂದುದು ಸಣ್ಣ ವಸ್ತುವಲ್ಲ: ಆಗ ಬ್ರಿಟನ್ನು ಐರೋಪ್ಯ ಒಕ್ಕೂಟದಲ್ಲಿದ್ದಿತು, ಪುಸ್ತಕವನ್ನು ತೋರಿಸಿದರೆ ಸಾಕು, ಒಕ್ಕೂಟದವರ ಸಾಲಿನಲ್ಲಿ ನಡೆದು ಹೋಗಬಹುದಾಗಿತ್ತು, ಎಷ್ಟು ದಿನವೆಂದು ಕೇಳುವವರಿರಲಿಲ್ಲ. ಈ ಸೌಕರ್ಯವನ್ನು ನಾವು ಹನ್ನೊಂದು ವರ್ಷ ಅನುಭವಿಸಿದೆವು. ೨೦೧೬ರ ಜೂನ್ ೨೩ರಂದು ಬ್ರಿಟನ್ನಿನ ಜನರು ಒಕ್ಕೂಟವನ್ನು ಬಿಡುವುದಾಗಿ ಮತವಿತ್ತರು. ೨೦೨೦ರ ಜನವರಿ ೩೧ರಂದು ಬಿಟ್ಟದ್ದೂ ಆಯಿತು. ಆ ವರ್ಷದ ಕೊನೆಯ ದಿನಕ್ಕೆ ಮಧ್ಯಂತರದ ಏರ್ಪಾಡೂ ಮುಗಿಯಿತು. ೨೦೨೧ರ ಹೊಸ ವರ್ಷದ ದಿನದಿಂದ ಬ್ರಿಟಿಷರೆಲ್ಲರೂ ಯೂರೋಪಿಗೆ ಹೊರಗಿನವರು.

ಹೊರಗಿನವರಿಗೆ ಅಲ್ಲಿ ಒಂದು ನಿಯಮವುಂಟು. ವೀಸಾ ಬೇಡದ ದೇಶದವರೇ ಆದರೂ, ಯಾವುದೇ ೧೮೦ ದಿನಗಳಲ್ಲಿ ೯೦ ದಿನಗಳಿಗಿಂತ ಹೆಚ್ಚಾಗಿ ಷೆಂಗೆನ್ ಒಪ್ಪಂದದ ೨೯ ದೇಶಗಳಲ್ಲಿ ಇರಕೂಡದು. ಷೆಂಗೆನ್ ಎಂಬುದು ಲಕ್ಸೆಂಬರ್ಗಿನ ಒಂದು ಹಳ್ಳಿ. ೧೯೮೫ರಲ್ಲಿ ಅಲ್ಲಿ ನದಿಯ ಮೇಲಿನ ದೋಣಿಯೊಂದರಲ್ಲಿ ಒಪ್ಪಂದಕ್ಕೆ ರುಜು ಬಿದ್ದಿತು. ಒಳಗಿನ ಗಡಿಗಳನ್ನು ತೆಗೆದವರು ಹೊರಗಿನ ಗಡಿಯನ್ನು ಬಲಪಡಿಸುವುದು ಸಹಜವೇ. ಮೊದಲು ಅಧಿಕಾರಿಯು ಪುಸ್ತಕದಲ್ಲಿ ಠಸ್ಸೆಯೊತ್ತಿ ತಾರೀಖು ಹಾಕುತ್ತಿದ್ದನು. ಆ ಠಸ್ಸೆಗಳು ಒಂದರ ಮೇಲೊಂದು ಬೀಳುವುವು, ಮಸಿ ಮಾಸುವುದು. ಹಾಳೆಗಳನ್ನು ತಿರುವಿ ದಿನಗಳನ್ನು ಕೂಡುವಷ್ಟು ತಾಳ್ಮೆ ಯಾವ ಅಧಿಕಾರಿಗೂ ಇರಲಿಲ್ಲ. ಆದುದರಿಂದ ಎಲ್ಲವನ್ನೂ ಯಂತ್ರಕ್ಕೆ ಒಪ್ಪಿಸಬೇಕೆಂದು ೨೦೧೭ರಲ್ಲಿಯೇ ಒಕ್ಕೂಟವು ಕಾನೂನು ಮಾಡಿತು. ಅದು ಹಲವು ಬಾರಿ ಮುಂದಕ್ಕೆ ಹೋಗಿ, ೨೦೨೫ರ ಅಕ್ಟೋಬರ್ ೧೨ರಂದು ಆರಂಭವಾಯಿತು. ಆರು ತಿಂಗಳಲ್ಲಿ ಹಂತಹಂತವಾಗಿ ಹರಡಿ, ೨೦೨೬ರ ಏಪ್ರಿಲ್ ೧೦ಕ್ಕೆ ಪೂರ್ಣವಾಗತಕ್ಕದ್ದೆಂದು ಗೊತ್ತುಮಾಡಿದರು. ಮೊದಲನೆಯ ಸಲ ಬಂದವರ ಮುಖದ ಚಿತ್ರವನ್ನೂ ಬಲಗೈಯ ನಾಲ್ಕು ಬೆರಳುಗಳ ಗುರುತನ್ನೂ ತೆಗೆದುಕೊಳ್ಳುವರು. ಹನ್ನೆರಡು ವರ್ಷಕ್ಕೆ ಕಿರಿಯರಾದ ಮಕ್ಕಳಿಗೆ ಬೆರಳಿನ ಗುರುತಿಲ್ಲ, ಚಿತ್ರ ಮಾತ್ರ. ಈ ದಾಖಲೆ ಮೂರು ವರ್ಷ ಉಳಿಯುವುದು. ಬಂದ ದಿನವನ್ನೂ ಹೊರಟ ದಿನವನ್ನೂ ಯಂತ್ರವೇ ಬರೆದುಕೊಳ್ಳುವುದು. ಅದರ ಲೆಕ್ಕದಲ್ಲಿ ಮಸಿ ಮಾಸುವುದೆಂಬುದಿಲ್ಲ.

ಹೆಬ್ಬೆಟ್ಟೊತ್ತುವವರೆಂದರೆ ನಮ್ಮ ಊರುಗಳಲ್ಲಿ ಅಕ್ಷರ ಬಾರದವರು. ಇಂಗ್ಲಿಷರಿಗೆ ಬೆರಳಿನ ಗುರುತೆಂದರೆ ಪೋಲೀಸು ಠಾಣೆಯ ನೆನಪು. ಸಾಲಿನಲ್ಲಿ ನಮ್ಮ ಹಿಂದಿದ್ದ ವೃದ್ಧರೊಬ್ಬರು, “ನಾವೇನು ಕಳ್ಳತನ ಮಾಡಿ ಬಂದೆವೆ?” ಎಂದು ತಮ್ಮ ಹೆಂಡತಿಯೊಡನೆ ಗೊಣಗಿದಾಗ ನಮಗೆ ನಗು ಬಂದಿತು, ಕನಿಕರವೂ ಆಯಿತು. ಈ ವಿದ್ಯೆ ಹುಟ್ಟಿದುದೆಲ್ಲಿ? ೧೮೫೮ರಲ್ಲಿ ಬಂಗಾಳದ ಜಂಗೀಪುರದಲ್ಲಿ ವಿಲಿಯಂ ಹರ್ಷೆಲ್ ಎಂಬ ಇಂಗ್ಲಿಷ್ ಅಧಿಕಾರಿಯು ಗುತ್ತಿಗೆದಾರನೊಬ್ಬನ ಅಂಗೈಯ ಗುರುತನ್ನು ಕರಾರುಪತ್ರದ ಮೇಲೆ ಒತ್ತಿಸಿಕೊಂಡನು. ೧೮೯೭ರಲ್ಲಿ ಕಲ್ಕತ್ತೆಯಲ್ಲಿ ಬೆರಳಚ್ಚಿನ ಕಚೇರಿ ತೆರೆಯಿತು. ಅಜೀಜುಲ್ ಹಕ್ ಮತ್ತು ಹೇಮಚಂದ್ರ ಬೋಸ್ ಎಂಬ ನಮ್ಮವರಿಬ್ಬರು ಗುರುತುಗಳನ್ನು ವಿಂಗಡಿಸುವ ಕ್ರಮಕ್ಕಾಗಿ ಬಹಳವಾಗಿ ದುಡಿದರು. ಹೆಸರು ಮಾತ್ರ ಅವರ ಮೇಲಧಿಕಾರಿ ಎಡ್ವರ್ಡ್ ಹೆನ್ರಿಗೆ ಬಂದಿತು. ಲಂಡನ್ನಿನ ಸ್ಕಾಟ್ಲೆಂಡ್ ಯಾರ್ಡು ಅದನ್ನು ಕೈಕೊಂಡದ್ದು ೧೯೦೧ರಲ್ಲಿ. ಅಷ್ಟು ದೂರ ಹೋಗುವುದೇಕೆ? ೨೦೧೦ರಲ್ಲಿ ನಮ್ಮ ತಾಯಿಯವರು ಮೊಮ್ಮಗಳನ್ನು ನೋಡಲು ಇಂಗ್ಲೆಂಡಿಗೆ ಬಂದಾಗ, ಬೆಂಗಳೂರಿನಲ್ಲಿಯೇ ಹತ್ತು ಬೆರಳುಗಳನ್ನೂ ಒತ್ತಿ ಬಂದಿದ್ದರು. ಆಗ ಅವರಿಗೆ ಎಪ್ಪತ್ತೆರಡು ವರ್ಷ. ಕಳ್ಳರೆಂದುಕೊಂಡರೆ ಎಂದು ಅವರು ಕೇಳಲಿಲ್ಲ. ಮೊಮ್ಮಗಳಿಗೆ ತಂದ ಕೋಡುಬಳೆ ಮೆತ್ತಗಾಗಿದೆಯೋ ಎಂದಷ್ಟೇ ಕೇಳಿದರು.

ಆದುದರಿಂದ ಬೆರಳಿನ ವಿಷಯದಲ್ಲಿ ನಮಗೆ ದೂರಿಲ್ಲ. ನಮ್ಮನ್ನು ಕಾಡಿದುದು ದಿನಗಳ ಲೆಕ್ಕ.

ಸೆಪ್ಟೆಂಬರ್ ತಿಂಗಳಲ್ಲಿ ಮಗಳಿಗೆ ಸೀಮಂತ ಮಾಡಿದೆವು. ೬ರಂದು ಹೋಗಿ ೨೦ರಂದು ಹಿಂದಿರುಗಿದೆವು. ಹೋದ ದಿನ ಬಂದ ದಿನಗಳೂ ಸೇರಿ ಹದಿನೈದು. ಹೊಸ ಯಂತ್ರಗಳು ಇನ್ನೂ ಬಂದಿರಲಿಲ್ಲ, ಠಸ್ಸೆಯೊತ್ತಿದರು. ಆಗ ನಮಗಾದ ತೊಂದರೆ ತುಪ್ಪದ್ದೊಂದೇ. ಬ್ರಿಟನ್ನಿನಿಂದ ಹಾಲಿನ ಪದಾರ್ಥಗಳನ್ನಾಗಲಿ ಮಾಂಸವನ್ನಾಗಲಿ ಪ್ರಯಾಣಿಕರು ಒಕ್ಕೂಟದೊಳಕ್ಕೆ ತರಕೂಡದೆಂದು ೨೦೨೧ರಿಂದ ನಿಯಮವಿದೆ. ಆದ ಕಾರಣ ಮನೆಯಲ್ಲಿ ಕಾಯಿಸಿದ ತುಪ್ಪದ ಡಬ್ಬಿಯನ್ನು ಮನೆಯಲ್ಲಿಯೇ ಬಿಟ್ಟು ಹೋಗಿ, ಜರ್ಮನಿಯ ಬೆಣ್ಣೆಯನ್ನು ಕೊಂಡು ಅಲ್ಲಿಯೇ ಕಾಯಿಸಿದೆವು. ಪರಿಮಳವೇನೋ ಚೆನ್ನಾಗಿಯೇ ಇದ್ದಿತು. ಹೆಮ್ಮೆಯ ಹೆಂಗಸರು ಇದನ್ನು ಒಪ್ಪಿಕೊಳ್ಳುವುದು ಕಷ್ಟ.

ಹೆರಿಗೆ ಡಿಸೆಂಬರಿನ ನಡುವೆ ಎಂದು ವೈದ್ಯರು ಹೇಳಿದ್ದರು. ಡಿಸೆಂಬರ್ ೧ಕ್ಕೆ ಹೊರಡುವುದೆಂದು ನಿಶ್ಚಯಿಸಿ, ಪಂಚಾಂಗವನ್ನು ಗೋಡೆಯಿಂದ ಇಳಿಸಿ, ಕೆಂಪು ಪೆನ್ಸಿಲಿನಿಂದ ಗುರುತು ಹಾಕುತ್ತ ಕುಳಿತೆವು. ತೊಂಬತ್ತರಲ್ಲಿ ಸೀಮಂತದ ಹದಿನೈದು ಹೋದರೆ ಉಳಿದುದು ಎಪ್ಪತ್ತೈದು. ಆ ಹದಿನೈದು ದಿನಗಳು ನೂರೆಂಬತ್ತರ ಕಟ್ಟಿನಿಂದ ಜಾರಿ ಬೀಳಲು ಮಾರ್ಚ್ ೫ರವರೆಗೆ ಕಾಯಬೇಕು. ನಮ್ಮ ಎಪ್ಪತ್ತೈದಾದರೋ ಫೆಬ್ರವರಿ ೧೩ಕ್ಕೇ ಮುಗಿಯುವುವು. ಕೂಸಿಗೆ ಮೂರು ತಿಂಗಳು ತುಂಬುವುದು ಮಾರ್ಚಿನ ನಡುವೆ. ಮಗಳ ಮಡಿಲು ತುಂಬಲು ಹೋದ ದಿನಗಳನ್ನು ಅವಳ ಬಾಣಂತನದಿಂದ ಮುರಿದುಕೊಂಡರು ಎಂದರೆ, ಹಾಗೆ ಮುರಿದುಕೊಂಡವರಿಗೆ ಅದು ಗೊತ್ತೇ ಇಲ್ಲ. ಯಂತ್ರಕ್ಕೆ ದಿನವೆಂದರೆ ದಿನ. ಸಮುದ್ರದ ದಂಡೆಯಲ್ಲಿ ಬಿಸಿಲಿಗೆ ಮೈಯೊಡ್ಡಿ ಮಲಗಿದ ದಿನವೂ ಹೆರಿಗೆಯ ದಿನವೂ ಅದಕ್ಕೆ ಒಂದೇ. ಹೆಚ್ಚು ದಿನ ಇರಬೇಕಾದವರು ಆ ದೇಶದ ಬೇರೆ ಅಪ್ಪಣೆಗೆ ಮೊದಲೇ ಅರ್ಜಿ ಹಾಕಬೇಕು. ಒಂದು ತಿಂಗಳ ಕೊರತೆಗಾಗಿ ನಾವು ಆ ದಾರಿಯನ್ನು ಹಿಡಿಯಲಿಲ್ಲ.

ಡಿಸೆಂಬರ್ ೧ರಂದು ಜರ್ಮನಿಯ ಒಂದು ದೊಡ್ಡ ವಿಮಾನ ನಿಲ್ದಾಣದಲ್ಲಿ ಇಳಿದೆವು. ಹಾರಿದ್ದು ಒಂದೂವರೆ ಗಂಟೆ. ಸಾಲಿನಲ್ಲಿ ನಿಂತದ್ದು ಎರಡು ಗಂಟೆ ನಲವತ್ತು ನಿಮಿಷ. ಯಂತ್ರಗಳು ಏಳೆಂಟಿದ್ದುವು, ಅರ್ಧಕ್ಕೆ ಕಾಗದ ಅಂಟಿಸಿ ಮುಚ್ಚಿದ್ದರು. ಮುಂದೆ ಗಾಜಿನ ಗೂಡುಗಳಲ್ಲಿ ಇಬ್ಬರೇ ಅಧಿಕಾರಿಗಳು. ಒಬ್ಬ ಹುಡುಗನು, ಏಳು ವರ್ಷದವನಿರಬಹುದು, ತನ್ನ ಬೆರಳನ್ನು ಯಾರೂ ಕೇಳಲಿಲ್ಲವೆಂದು ಅಳುವುದಕ್ಕೆ ಆರಂಭಿಸಿದನು. ನಮ್ಮ ಸರದಿ ಬಂದಾಗ ಯಜಮಾನರ ಕೆಲಸ ಬೇಗ ಮುಗಿಯಿತು. ಮನೆಯಾಕೆಯ ಬೆರಳುಗಳನ್ನು ಯಂತ್ರವು ಒಪ್ಪಲೊಲ್ಲದು. ನಲವತ್ತು ವರ್ಷ ಪಾತ್ರೆ ತಿಕ್ಕಿ, ರುಬ್ಬಿ, ಒಗೆದ ಕೈಯ ಗೆರೆಗಳು ಸವೆದುಹೋಗಿದ್ದುವು. ಅಧಿಕಾರಿಯು ಚಿಕ್ಕ ವಯಸ್ಸಿನ ಹೆಂಗಸು. ಒದ್ದೆಯ ಕಾಗದವೊಂದನ್ನು ಕೊಟ್ಟು, ಒರೆಸಿಕೊಂಡು ಮತ್ತೊಮ್ಮೆ ಒತ್ತಿರೆಂದಳು. ನಾಲ್ಕನೆಯ ಸಲಕ್ಕೆ ಹಸಿರು ದೀಪ ಬಂದಿತು. ಎಷ್ಟು ದಿನ ಇರುವಿರೆಂದು ಕೇಳಿದಳು. ಎಪ್ಪತ್ಮೂರು ಎಂದೆವು, ವಿಮಾನ ತಪ್ಪಿದರೆ, ಹಿಮ ಬಿದ್ದರೆ, ಹೊರಡುವಾಗಲೂ ಇಂಥದೇ ಸಾಲಿದ್ದರೆ ಎಂದು ಎರಡು ದಿನಗಳನ್ನು ಕೈಯಲ್ಲಿಟ್ಟುಕೊಂಡಿದ್ದೆವು. ಅವಳು ತಲೆಯೆತ್ತಿ ನೋಡಿದಳು. ಮಗಳ ಹೆರಿಗೆಯೆಂದಾಗ ನಕ್ಕು ಪುಸ್ತಕವನ್ನು ಕೊಟ್ಟಳು.

ಹೊರಗೆ ಅಳಿಯಂದಿರು ಕಾದು ಕಾದು ಬೇಸತ್ತಿದ್ದರು. ಅವರು ಹಾಸನದ ಕಡೆಯವರು. ಇಂದಿಗೂ ಸಿಂಹಮುದ್ರೆಯ ಪುಸ್ತಕವೇ ಅವರದು. ಜರ್ಮನಿಯಲ್ಲಿ ವಾಸದ ಅನುಮತಿಯಿರುವುದರಿಂದ ಅವರಿಗೆ ಈ ನೋಂದಣಿಯ ಗೊಡವೆಯಿಲ್ಲ. “ಮಾವನವರೇ, ನನ್ನ ಪಾಸ್‌ಪೋರ್ಟು ಬೇಕಾಗಿತ್ತೇ?” ಎಂದು ತಮಾಷೆ ಮಾಡಿದರು. ದೇವರ ಪೆಟ್ಟಿಗೆಯಲ್ಲಿರುವ ನಮ್ಮವನ್ನು ನೆನೆಸಿಕೊಂಡು ನಾವು ಸುಮ್ಮನೆ ನಕ್ಕೆವು.

ಇದು ನಮ್ಮೊಬ್ಬರ ಪಾಡಲ್ಲ. ಇಂಗ್ಲೆಂಡಿನ ಡೋವರ್ ರೇವಿನಲ್ಲಿ ಎರಡು ಸರ್ಕಾರಗಳ ಒಪ್ಪಂದದಂತೆ ಫ್ರಾನ್ಸಿನ ಅಧಿಕಾರಿಗಳೇ ಈಚೆಯ ದಡದಲ್ಲಿ ಕುಳಿತು ತಪಾಸಣೆ ಮಾಡುವರು; ೨೦೨೨ರ ಜುಲೈಯಲ್ಲಿ ಅಲ್ಲಿ ಕಾರುಗಳು ಊರೆಲ್ಲ ತುಂಬಿ ನಿಂತವು, ೨೦೨೩ರ ಏಪ್ರಿಲಿನಲ್ಲಿ ಶಾಲೆಯ ಮಕ್ಕಳಿದ್ದ ಬಸ್ಸುಗಳು ರಾತ್ರಿಯೆಲ್ಲ ಕಾದವು. ಅದು ಬರಿಯ ಠಸ್ಸೆಯ ಕಾಲದಲ್ಲಿ. ಬೆರಳಿನ ಯಂತ್ರಗಳು ಬಂದ ಮೇಲೆ, ಹೊತ್ತುಗಟ್ಟಿನ ಸಮಯದಲ್ಲಿ ಮೂರು ಗಂಟೆಗಳವರೆಗೆ ಕಾಯಬೇಕಾಗಿದೆಯೆಂದು ಐರೋಪ್ಯ ವಿಮಾನ ನಿಲ್ದಾಣಗಳ ಸಂಘವೇ ೨೦೨೫ರ ಡಿಸೆಂಬರಿನಲ್ಲಿ ದೂರಿತು. ಆ ತಿಂಗಳ ಕೊನೆಯಲ್ಲಿ ಪೋರ್ತುಗಲ್ ಸರ್ಕಾರವು ಲಿಸ್ಬನ್ನಿನಲ್ಲಿ ಇದನ್ನು ಮೂರು ತಿಂಗಳ ಮಟ್ಟಿಗೆ ನಿಲ್ಲಿಸಿತು. ದಿನಗಳನ್ನು ಎಣಿಸಿ ಕೊಡುವವರು ಗಂಟೆಗಳನ್ನು ಎಣಿಸದೆ ತೆಗೆದುಕೊಳ್ಳುವುದು ನ್ಯಾಯವಲ್ಲವೆಂದು ನಮ್ಮ ಅಭಿಪ್ರಾಯ. ನಿಯಮವಿರಲಿ, ಬೇಡವೆನ್ನುವುದಿಲ್ಲ, ನಿಯಮವನ್ನು ನಡೆಸುವುದಕ್ಕೆ ತಕ್ಕಷ್ಟು ಜನರೂ ಇರಬೇಕು.

ಡಿಸೆಂಬರ್ ೧೫ರಂದು ಹೆಣ್ಣು ಕೂಸು ಹುಟ್ಟಿತು. ಹನ್ನೆರಡನೆಯ ದಿನ ನಾಮಕರಣವಾಯಿತು. ಆಮೇಲೆ ನಾವು ಒಂದು ಉಪಾಯ ಮಾಡಿದೆವು. ಯಜಮಾನರು ಜನವರಿ ೪ರಂದೇ ಇಂಗ್ಲೆಂಡಿಗೆ ಹಿಂದಿರುಗಿ ತಮ್ಮ ದಿನಗಳನ್ನು ಉಳಿಸಿಕೊಳ್ಳುವುದು. ಮನೆಯಾಕೆಯ ದಿನಗಳು ಮುಗಿದ ಕೂಡಲೆ, ಫೆಬ್ರವರಿ ೧೧ರಂದು, ಅವರು ಬಂದು ಕೆಲಸವನ್ನು ವಹಿಸಿಕೊಳ್ಳುವುದು. ಬಾಣಂತನಕ್ಕೆ ಗಂಡಸು! ಅರಸೀಕೆರೆಯ ನಮ್ಮ ದೊಡ್ಡಮ್ಮನವರು ದೂರವಾಣಿಯಲ್ಲಿ ಇದನ್ನು ಕೇಳಿ ಬಹಳ ಹೊತ್ತು ಮಾತೇ ಆಡಲಿಲ್ಲ. ಆ ಐದು ವಾರ ಯಜಮಾನರು ಇಂಗ್ಲೆಂಡಿನ ಮನೆಯಲ್ಲಿ ಮೆಣಸಿನ ಸಾರು, ಬೆಳ್ಳುಳ್ಳಿಯ ಚಟ್ನಿ, ಸಬ್ಬಸಿಗೆ ಸೊಪ್ಪಿನ ಪಲ್ಯ ಇವನ್ನು ಅಭ್ಯಾಸ ಮಾಡಿದರು. ಕೂಸನ್ನು ಕಾಲಮೇಲೆ ಮಲಗಿಸಿಕೊಂಡು ನೀರು ಹಾಕುವುದನ್ನು ಮಾತ್ರ ಅಭ್ಯಾಸ ಮಾಡಲು ಕೂಸಿರಲಿಲ್ಲ. ಅದನ್ನು ವಿಮಾನ ನಿಲ್ದಾಣದಲ್ಲಿಯೇ, ಬಾಯಿಮಾತಿನಲ್ಲಾದರೂ, ಹೇಳಿಕೊಡುವೆನೆಂದು ಮನೆಯಾಕೆ ಹೇಳಿದ್ದಳು. ಅವರು ಇಳಿಯುವುದು ಹತ್ತೂವರೆಗೆ, ಅವಳು ಒಳಗೆ ಹೋಗಬೇಕಾದುದು ಹನ್ನೆರಡಕ್ಕೆ. ನಡುವೆ ಒಂದು ಗಂಟೆಯಾದರೂ ಎದುರು ಬದುರು ಕುಳಿತು ಕಾಫಿ ಕುಡಿಯಬಹುದೆಂದುಕೊಂಡಿದ್ದೆವು.

ಯಜಮಾನರ ಬೆರಳುಗಳು ಡಿಸೆಂಬರಿನಲ್ಲಿಯೇ ದಾಖಲಾಗಿದ್ದುವು. ಎರಡನೆಯ ಸಲ ಮುಖ ತೋರಿಸಿದರೆ ಸಾಕು. ಆದರೆ ಅವರ ಮುಂದೆ ನಿಂತಿದ್ದವರಲ್ಲಿ ಬಹು ಮಂದಿ ಮೊದಲ ಸಲ ಬಂದವರು, ಸಾಲು ಒಂದೇ. ಹನ್ನೊಂದಾಯಿತು, ಹನ್ನೊಂದೂವರೆಯಾಯಿತು. ಮನೆಯಾಕೆ ಗಾಜಿನ ಬಾಗಿಲಿನ ಈಚೆ, ಅವರು ಆಚೆ, ನಡುವೆ ದೂರವಾಣಿ. “ನೀನು ಹೊರಡು, ತಡಮಾಡಬೇಡ” ಎಂದು ಅವರೇ ಹೇಳಿದರು. ಕೈಯಲ್ಲಿದ್ದ ಎರಡು ದಿನಗಳನ್ನು ಮುರಿಯಬಹುದಾಗಿತ್ತು. ಆದರೆ ಮರುದಿನ ಹಿಮ ಬೀಳುವುದೆಂಬ ಸುದ್ದಿಯಿತ್ತು. ಹನ್ನೆರಡಕ್ಕೆ ಅವಳು ಒಳಗೆ ಹೋದಳು.

ಅವರು ಹೊರಗೆ ಬಂದಾಗ ಹನ್ನೆರಡೂಕಾಲು. ಅಳಿಯಂದಿರು ಒಂದು ಚೀಲವನ್ನು ಹಿಡಿದು ನಿಂತಿದ್ದರು. ಅದರಲ್ಲಿ ಸಾಂಬ್ರಾಣಿ, ಬಜೆ, ಅಂಟಿನುಂಡೆಯ ಡಬ್ಬಿ, ಮಡಿಸಿದ ಒಂದು ಕಾಗದ. ಕಾಗದದ ಎರಡು ಬದಿಗಳಲ್ಲಿಯೂ ಮನೆಯಾಕೆಯ ಅಕ್ಷರ. ಮೊದಲನೆಯ ಸಾಲು ಇದು: “ಕೂಸಿಗೆ ಎಣ್ಣೆ ಹಚ್ಚುವ ಮುಂಚೆ ನಿಮ್ಮ ಉಂಗುರ ತೆಗೆದಿಡಿ, ಮರೆಯಬೇಡಿ.”