ಪಕ್ಕದ ಮಂಚದ ಕ್ಯಾಂಪಿನ ಅಣ್ಣ

ನಾವು ಅಕ್ಕ-ತಮ್ಮ ಇಬ್ಬರೂ ಪತ್ರಿಕೋದ್ಯಮ ಓದಿ ಹನುಮಸಾಗರಕ್ಕೆ ವಾಪಸ್ ಬಂದವರು. ಊರವರ ಕಷ್ಟ ಕೇಳಿ ಬರೆಯುವುದೇ ನಮ್ಮ ಕೆಲಸ ಅಂದುಕೊಂಡಿದ್ದೆವು. ನಮ್ಮ ಮನೆಯಲ್ಲೇ ಅಪ್ಪ ತಿಂಗಳುಗಟ್ಟಲೆ ಒಳಗೊಳಗೇ ಕುಸಿಯುತ್ತಿದ್ದದ್ದು ನಮಗೆ ಕಾಣಲಿಲ್ಲ. ಅದನ್ನು ನಮಗೆ ಹೇಳಿದವರು ಕನ್ನಡ ಅರ್ಧಂಬರ್ಧ ಬರುತ್ತಿದ್ದ ಒಬ್ಬ ಬಂಗಾಲಿ ಹಿರಿಯರು.

ಸಕ್ಕರೆ ಕಾಯಿಲೆಯಿಂದ ಅಪ್ಪನ ಎರಡೂ ಕಿಡ್ನಿ ಕೆಟ್ಟು 2019ರಿಂದ ಡಯಾಲಿಸಿಸ್ ಶುರುವಾಗಿತ್ತು. ವಾರಕ್ಕೆ ಎರಡು ಸಲ, ಒಂದು ಸಲಕ್ಕೆ ನಾಲ್ಕು ತಾಸು. ಕೈಗೆ ಎರಡು ಸೂಜಿ ಚುಚ್ಚಿ, ರಕ್ತವನ್ನು ಮಷೀನಿನಲ್ಲಿ ಸೋಸಿ ಮತ್ತೆ ಒಳಗೆ ಬಿಡುತ್ತಾರೆ. ಮೂತ್ರ ಸರಿಯಾಗಿ ಹೋಗದ್ದರಿಂದ ಕುಡಿದ ನೀರು ಮೈಯಲ್ಲೇ ನಿಲ್ಲುತ್ತದೆ, ಹಾಗಾಗಿ ನೀರಿಗೂ ಅಳತೆ. ಎಳನೀರು, ಬಾಳೆಹಣ್ಣು, ಮಾವಿನಹಣ್ಣು ಬೇಡ. ಅವುಗಳಲ್ಲಿ ಪೊಟ್ಯಾಶಿಯಂ ಹೆಚ್ಚು, ಹೃದಯಕ್ಕೆ ಅಪಾಯ. ಉಪ್ಪಿನಕಾಯಿಯೂ ಬೇಡ. ರೊಟ್ಟಿ ಜೊತೆ ಕೆಂಪು ಚಟ್ನಿ ಇಲ್ಲದೆ ಊಟಕ್ಕೇ ಕೂರದಿದ್ದ ಮನುಷ್ಯ ಅವನು.

2020ರ ಮಾರ್ಚ್ 25ರಿಂದ ದೇಶಕ್ಕೆಲ್ಲ ಲಾಕ್‌ಡೌನ್ ಆಯಿತು. ಬಸ್ಸುಗಳು ನಿಂತವು. ಅಪ್ಪ ಹೋಗುತ್ತಿದ್ದ ಆಸ್ಪತ್ರೆಯವರು "ಇಲ್ಲಿ ಸದ್ಯ ಆಗೂದಿಲ್ರೀ, ಬ್ಯಾರೆ ಕಡೆ ನೋಡ್ಕೊಳ್ರಿ" ಅಂದುಬಿಟ್ಟರು. ಹುಡುಕಿ ಹುಡುಕಿ ಕೊನೆಗೆ ಜಾಗ ಸಿಕ್ಕಿದ್ದು ಸಿಂಧನೂರಿನಲ್ಲಿ. ಬಾಡಿಗೆ ಗಾಡಿಯಲ್ಲಿ ಕುಷ್ಟಗಿ, ತಾವರಗೇರಾ ದಾಟಿ ಹೋಗಬೇಕು. ದಾರಿಯಲ್ಲಿ ಪೊಲೀಸರು ನಿಲ್ಲಿಸಿದಲ್ಲೆಲ್ಲ ಆಸ್ಪತ್ರೆ ಚೀಟಿ ತೋರಿಸಬೇಕು. ಬೆಳಗಿನ ಜಾವ ಹೊರಟರೆ ಮನೆ ಮುಟ್ಟುವಾಗ ಸಂಜೆ. ಗಾಡಿ ಬಾಡಿಗೆ ಕೊಡಲು ಒಂದು ಜೋಡಿ ಎತ್ತು ಮಾರಿದೆವು. ಆ ದಿನವೂ ಅಪ್ಪ ಏನೂ ಅನ್ನಲಿಲ್ಲ. ಗಟ್ಟಿ ಮನುಷ್ಯ ಅಂದುಕೊಂಡೆವು.

ಅಲ್ಲಿ ಅಪ್ಪನ ಪಕ್ಕದ ಮಂಚದಲ್ಲಿ ಇರುತ್ತಿದ್ದವರು ಆರ್.ಎಚ್. ಕ್ಯಾಂಪಿನವರು. ನಮ್ಮ ಕಡೆ ಕ್ಯಾಂಪ್ ಅಂದರೆ ಆಂಧ್ರದಿಂದ ಬಂದು ಭತ್ತ ಬೆಳೆದವರ ಊರು ಅಂತಲೇ ಲೆಕ್ಕ. ಸಿಂಧನೂರಿನ ಆರ್.ಎಚ್. ಕ್ಯಾಂಪುಗಳ ಕಥೆ ಬೇರೆ. ಇವತ್ತಿನ ಬಾಂಗ್ಲಾದೇಶ ಪೂರ್ವ ಪಾಕಿಸ್ತಾನ ಆಗಿದ್ದ ಕಾಲದಲ್ಲಿ ಮನೆಮಠ ಬಿಟ್ಟು ಬಂದ ಬಂಗಾಲಿ ಕುಟುಂಬಗಳಿಗೆ ಸರ್ಕಾರ ಅಲ್ಲಿ ನೆಲೆ ಕೊಟ್ಟಿತು. ಒಂದನೇ ಕ್ಯಾಂಪು, ಎರಡನೇ ಕ್ಯಾಂಪು ಅಂತ ಊರಿಗೆ ನಂಬರೇ ಹೆಸರು. ಹತ್ತಿರ ಹತ್ತಿರ ಐವತ್ತು ವರ್ಷ ಇಲ್ಲೇ ದುಡಿದರೂ ಎಷ್ಟೋ ಜನ ಪೌರತ್ವದ ಕಾಗದಕ್ಕೆ ಕಾಯುತ್ತಲೇ ಇದ್ದರು. ಕೆಲವರಿಗೆ ಅದು ಕೈಗೆ ಬಂದದ್ದು 2024ರಲ್ಲಿ.

ಇಬ್ಬರೂ ತಿನ್ನಬಾರದ್ದರ ಬಗ್ಗೆಯೇ ಮಾತಾಡುತ್ತಿದ್ದರು. ಅವರದು ಒಣಮೀನು, ಅಪ್ಪನದು ಉಪ್ಪಿನಕಾಯಿ. ಅಪ್ಪ ಅವರಿಗೆ "ಅಣ್ಣಾ" ಅನ್ನುತ್ತಿದ್ದ.

ಅಕ್ಟೋಬರ್ ಸುಮಾರಿಗೆ ಒಂದು ಡಯಾಲಿಸಿಸ್‌ನಿಂದ ಇನ್ನೊಂದಕ್ಕೆ ಅಪ್ಪನ ತೂಕ ನಾಲ್ಕು ಕೆ.ಜಿ. ಏರತೊಡಗಿತು. ಅಂದರೆ ನೀರು ವಿಪರೀತ ಕುಡಿಯುತ್ತಿದ್ದ. ಸಿಸ್ಟರ್ ಬೈದರು, ನಾವೂ ಬೈದೆವು. ಒಂದಿನ ಕ್ಯಾಂಪಿನ ಅಣ್ಣ ನಮ್ಮನ್ನು ಹತ್ತಿರ ಕರೆದು, "ಬೈಬ್ಯಾಡ ತಮ್ಮಾ. ನಿಮ್ಮ ಅಪ್ಪ ಮರ್ತು ಕುಡಿಯೋದಲ್ಲ, ತಿಳಿದೇ ಕುಡೀತಾನ. ನಾನು ಬಿ ಮಾಡೀನಿ ಹಂಗ" ಅಂದರು.

ಆ ರಾತ್ರಿ ಕಟ್ಟೆ ಮೇಲೆ ಕೂತು ಕೇಳಿದೆವು, "ನಿದ್ದಿ ಬರ್ತೈತೇನಪ್ಪಾ?" ಬಹಳ ಹೊತ್ತು ಸುಮ್ಮನಿದ್ದ. ಆಮೇಲೆ, "ಆರು ತಿಂಗಳಾತು. ನಿಮಗ ಹೊರೆ ಆಗೀನಿ. ಆ ಕರೋನಾನರ ಬಂದಿದ್ರ ಚಲೋ ಇತ್ತು, ಯಾರ ಮ್ಯಾಲೂ ತಪ್ಪು ಬರ್ತಿರಲಿಲ್ಲ" ಅಂದ. ಅವ್ವ ಒಳಗಿನಿಂದ ಕೇಳಿಸಿಕೊಂಡಳು.

ಮನೋವೈದ್ಯರ ಹತ್ತಿರ ಕರಕೊಂಡು ಹೋದೆವು. "ನನಗೇನ್ ಹುಚ್ಚ ಹಿಡದೈತೇನು?" ಅಂತ ಅಪ್ಪ ಗಾಡಿ ಹತ್ತಲೇ ಒಪ್ಪಿರಲಿಲ್ಲ. ಡಾಕ್ಟರು ಇದು ಖಿನ್ನತೆ ಅಂದರು. ಸುಸ್ತು, ನಿದ್ದೆ ಬರದಿರುವುದು, ಊಟ ಸೇರದಿರುವುದು ಕಿಡ್ನಿ ರೋಗದಲ್ಲೂ ಇರುತ್ತವೆ, ಖಿನ್ನತೆಯಲ್ಲೂ ಇರುತ್ತವೆ. ಎಲ್ಲವನ್ನೂ ಕಿಡ್ನಿಯ ಲೆಕ್ಕಕ್ಕೆ ಬರೆದುಬಿಡುತ್ತೇವೆ, ಅಲ್ಲೇ ತಪ್ಪುತ್ತದೆ ಅಂದರು. ಡಯಾಲಿಸಿಸ್ ತಪ್ಪಿಸುವುದು, ಬೇಕಂತಲೇ ನೀರು ಕುಡಿಯುವುದು, "ಇನ್ನ ಸಾಕು" ಅನ್ನುವುದು ಕಂಡರೆ ತಡಮಾಡಬಾರದು. ಮಾತ್ರೆಗಳಿವೆ, ಆದರೆ ಕಿಡ್ನಿ ಕೆಟ್ಟವರಿಗೆ ಯಾವುದು, ಎಷ್ಟು ಅನ್ನುವುದನ್ನು ಡಾಕ್ಟರೇ ಹೇಳಬೇಕು. ಮೆಡಿಕಲ್ ಶಾಪಿನಲ್ಲಿ ಕೇಳಿ ತರುವಂಥದ್ದಲ್ಲ. ಆಗ ನಮಗೆ ಯಾರಿಗೆ ಫೋನ್ ಮಾಡಬೇಕು ಅಂತ ಗೊತ್ತಿರಲಿಲ್ಲ. 2022ರಿಂದ ಟೆಲಿ ಮನಸ್ ಇದೆ, 14416ಕ್ಕೆ ಹಚ್ಚಿದರೆ ದುಡ್ಡಿಲ್ಲದೆ ಕನ್ನಡದಲ್ಲೇ ಮಾತಾಡಬಹುದು. ಮನೋಚೈತನ್ಯ ಕಾರ್ಯಕ್ರಮದಲ್ಲಿ ಮಂಗಳವಾರ ತಾಲೂಕು ಆಸ್ಪತ್ರೆಗೇ ಮನೋವೈದ್ಯರು ಬರುತ್ತಾರೆ. ಹೋಗುವ ಮುಂಚೆ ನಿಮ್ಮ ಆಶಾ ಕಾರ್ಯಕರ್ತೆಯನ್ನು ಒಂದು ಮಾತು ಕೇಳಿಕೊಳ್ಳಿ.

ಎರಡು ತಿಂಗಳಿಗೆ ಅಪ್ಪ ಸ್ವಲ್ಪ ಸ್ವಲ್ಪ ತಿರುಗಿದ. ಹೊಲದ ಸುದ್ದಿ ಕೇಳತೊಡಗಿದ. ಒಂದಿನ ಪಲ್ಯಕ್ಕೆ ಉಪ್ಪಿಲ್ಲ ಅಂತ ಅವ್ವನ ಜೊತೆ ಜಗಳ ತೆಗೆದ, ನಮಗೆ ಖುಷಿಯಾಯಿತು.

2021ರ ಮೇ 10ರಿಂದ ರಾಜ್ಯದಲ್ಲಿ ಮತ್ತೆ ಲಾಕ್‌ಡೌನ್. ಪಕ್ಕದ ಮಂಚ ಖಾಲಿ ಇತ್ತು. ಫೋನ್ ಹಚ್ಚಿದರೆ ಅವರ ಮಗ, "ಬಾ ಅಂದ್ರ ಬರಾಂಗಿಲ್ಲ ಅಂತಾರ. ಗಾಡಿ ರೊಕ್ಕ ಮೊಮ್ಮಗಳಿಗೆ ಇಡು ಅಂತಾರ" ಅಂದ. ಅಪ್ಪ ಫೋನ್ ಕಸಿದುಕೊಂಡು ಅರ್ಧ ಹಿಂದಿ, ಅರ್ಧ ಕನ್ನಡದಲ್ಲಿ ಬೈದ. ಅವರು ಎರಡು ಸಲ ಬಂದರು. ಜೂನ್‌ನಲ್ಲಿ ತೀರಿಕೊಂಡರು. ಕರೋನಾ ಅಲ್ಲ ಅಂದ ಮಗ.

"ನಾನು ಬಿ ಮಾಡೀನಿ" ಅಂತ ಅವರು ಬಾಯಿಬಿಟ್ಟು ಹೇಳಿದ್ದರು. ನಾವು ಅದರಲ್ಲಿ ಅಪ್ಪನ ಸುದ್ದಿ ಮಾತ್ರ ಕೇಳಿಸಿಕೊಂಡು ಬಂದಿದ್ದೆವು. ನಿಮಗೆ ನಿದ್ದೆ ಬರುತ್ತದೆಯೇ ಅಂತ ಅವರನ್ನು ಒಂದು ಸಲವೂ ಕೇಳಲಿಲ್ಲ. ಅವರ ಕಾಗದಪತ್ರ, ಕ್ಯಾಂಪಿನ ಇತಿಹಾಸ ಎಲ್ಲ ಕೇಳಿ ನೋಟ್‌ಬುಕ್ಕಿನಲ್ಲಿ ಬರೆದುಕೊಂಡಿದ್ದೆವು.

ಅಪ್ಪ ಈಗಲೂ ವಾರಕ್ಕೆ ಎರಡು ಸಲ ಡಯಾಲಿಸಿಸ್‌ಗೆ ಹೋಗುತ್ತಾನೆ, ಈಗ ಹತ್ತಿರದಲ್ಲೇ. ಅಣ್ಣನ ಮನೆಗೆ ಹೋಗಿ ಅವರ ಹೆಂಡತಿಯನ್ನು ಮಾತಾಡಿಸಿ ಬರಬೇಕು ಅಂತ ಎರಡು ಮೂರು ಸಲ ಹೇಳಿದ್ದಾನೆ. ನಾವು ಇನ್ನೂ ಕರಕೊಂಡು ಹೋಗಿಲ್ಲ.