ಫ್ಯಾಷನ್ನೂ ನನ್ನ ಸ್ಟೀಲಿನ ಬೋಗಾಣಿಯೂ

ಮೇ ತಿಂಗಳ ಉರಿಬಿಸಿಲಿನಲ್ಲಿ ವೆಲ್ವೆಟ್ ರವಿಕೆ ತೊಟ್ಟು, ಮೈತುಂಬ ಜರಿ ಹೊದ್ದು, ಒಂದು ಹನಿಯೂ ಬೆವರದೆ ನಗುತ್ತ ನಿಲ್ಲುವ ಹೆಣ್ಣು ಇಡೀ ಬೀದರಿನಲ್ಲಿ ಒಬ್ಬಳೇ ಇದ್ದಾಳೆ. ಯಾರು ಗೊತ್ತೇ? ಬಟ್ಟೆ ಅಂಗಡಿಯ ಗಾಜಿನ ಹಿಂದೆ ನಿಂತ ಗೊಂಬೆ! ಅವಳನ್ನು ನೋಡಿ ಮರುಳಾಗಿ, ಅದನ್ನೇ ಕೊಂಡು ಉಟ್ಟು, ಮದುವೆ ಮನೆಯಲ್ಲಿ ಅಕ್ಕಿಕಾಳು ಬೀಳುವ ಹೊತ್ತಿಗೆ ಫ್ಯಾನು ಎಲ್ಲಿದೆ ಎಂದು ಹುಡುಕುವವರು ಮಾತ್ರ ನಾವು, ನೀವು.

ನಾನು ಫ್ಯಾಷನ್ ವಿರೋಧಿ ಎಂದು ದಯವಿಟ್ಟು ತಿಳಿಯಬೇಡಿ. ಹೊಸ ಸೀರೆ ಕಂಡರೆ ಈಗಲೂ ನನ್ನ ಕಾಲು ತಾನಾಗಿ ನಿಲ್ಲುತ್ತದೆ. ಚೌಬಾರಾದ ಕಡೆ ಜೀರಿಗೆ ತರಲು ಹೋದವಳು ಬಳೆ ತಂದ ದಿನಗಳೂ ಉಂಟು. ಆದರೆ ಇಷ್ಟು ವರ್ಷ ಉಟ್ಟು, ಹರಿದು, ಒಗೆದು, ಒಂದು ದೊಡ್ಡ ತಪ್ಪನ್ನೂ ಮಾಡಿ ಕಲಿತದ್ದನ್ನು ನಿಮ್ಮೊಡನೆ ಹಂಚಿಕೊಳ್ಳಬೇಕೆನಿಸಿದೆ. ಆ ತಪ್ಪಿನ ಸಂಗತಿ ಕೊನೆಗೆ ಹೇಳುತ್ತೇನೆ. ಅದಕ್ಕೆ ಸಾಕ್ಷಿಯಾದ ಸ್ಟೀಲಿನ ಬೋಗಾಣಿ ಇಂದಿಗೂ ನನ್ನ ಅಡುಗೆಮನೆಯ ಮಾಡದಲ್ಲಿ ಕುಳಿತಿದೆ.

ನಮ್ಮ ಬೀದರಿಗೆ ಫ್ಯಾಷನ್ ಬರುವುದು ಎರಡು ಬಾಗಿಲಿನಿಂದ. ಒಂದು ಹೈದರಾಬಾದಿನ ಬಾಗಿಲು, ಇನ್ನೊಂದು ಉದಗೀರ–ಲಾತೂರಿನ ಮರಾಠಿ ಬಾಗಿಲು. 1956ರ ನವೆಂಬರ್ ತನಕ ನಾವು ಹೈದರಾಬಾದ್ ರಾಜ್ಯದವರೇ ತಾನೆ? ರಾಜ್ಯ ಬದಲಾದರೂ ಬಳೆಯ ದಾರಿ ಬದಲಾಗಲಿಲ್ಲ. ಮದುವೆ ಬಳೆ ಎಂದರೆ ಚಾರ್‌ಮಿನಾರಿನ ಪಕ್ಕದ ಲಾಡ್ ಬಜಾರಿನ ಅರಗಿನ ಬಳೆಯೇ ಬೇಕು ಎನ್ನುವವರು ನಮ್ಮಲ್ಲಿ ಈಗಲೂ ಇದ್ದಾರೆ. ಒಂದೇ ಅಂಗಡಿಯಲ್ಲಿ ಕನ್ನಡದಲ್ಲಿ ಬಣ್ಣ ಕೇಳಿ, ಮರಾಠಿಯಲ್ಲಿ ದಡಿ ನೋಡಿ, ಉರ್ದುವಿನಲ್ಲಿ ಚೌಕಾಸಿ ಮಾಡುವ ಚಾಕಚಕ್ಯತೆ ಬೀದರಿನ ಹೆಣ್ಣುಮಕ್ಕಳಿಗಲ್ಲದೆ ಇನ್ನಾರಿಗಿದೆ, ಹೇಳಿ!

ಋತುವಿಗೆ ತಕ್ಕ ಉಡುಪು ಎಂದು ಪತ್ರಿಕೆಗಳು ಬರೆಯುತ್ತವಲ್ಲ, ಅದನ್ನು ನಮ್ಮ ಊರಿನಷ್ಟು ಗಂಭೀರವಾಗಿ ತೆಗೆದುಕೊಳ್ಳಬೇಕಾದ ಊರು ಕಡಿಮೆ. ಸುಮಾರು 2,200 ಅಡಿ ಎತ್ತರದ ಪ್ರಸ್ಥಭೂಮಿ ನಮ್ಮದು. ಬೇಸಿಗೆಯಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ಡಿಸೆಂಬರ್–ಜನವರಿಯ ನಸುಕಿನಲ್ಲಿ 10ರ ಆಸುಪಾಸಿಗೆ ಇಳಿದು ಹಲ್ಲು ಕಟಕಟ ಎನ್ನಿಸುತ್ತದೆ. ಇಂಥಲ್ಲಿ ಯುಗಾದಿಯಿಂದ ಮೃಗಶಿರಾ ಮಳೆ ಬೀಳುವ ತನಕ ನೂಲಿನ ಬಟ್ಟೆಗೆ ಸಮನಾದದ್ದು ಇಲ್ಲ. ಈಗ ಎಲ್ಲೆಡೆ ತೂಗುಬಿದ್ದಿರುವ ಮಿರಿಮಿರಿ ಕುರ್ತಿಗಳನ್ನು ಮುಟ್ಟಿ ನೋಡಿ, ಹೆಚ್ಚಿನವು ಪಾಲಿಸ್ಟರ್. ಬೆವರು ಹೀರುವುದಿಲ್ಲ, ಗಾಳಿ ಬಿಡುವುದಿಲ್ಲ, ಕತ್ತಿನ ಸುತ್ತ ಬೆವರುಸಾಲೆ ಖಂಡಿತ. ಅದೇ ದುಡ್ಡಿಗೆ ಒಂದು ನಾರಾಯಣಪೇಟೆ ಸೀರೆ ಹುಡುಕಿ. ತೆಲಂಗಾಣದ ಆ ಊರು ನಮಗೇನೂ ದೂರವಲ್ಲ. ಸಣ್ಣ ಚೌಕುಳಿ, ಗುಡಿಯ ಶಿಖರದಂಥ ದಡಿ, ಉಟ್ಟರೆ ಹಗುರ. ನಾಲ್ಕು ಸಲ ಒಗೆದ ಮೇಲಂತೂ ಮೈಗೆ ಇನ್ನೂ ಹಿತ.

ಶ್ರಾವಣ ಬಂತೆಂದರೆ ಹಸಿರು ಬಳೆ. ಅದು ಫ್ಯಾಷನ್ ಅಲ್ಲ, ಪದ್ಧತಿ. ಆದರೆ ನವರಾತ್ರಿಯ ಒಂಬತ್ತು ಬಣ್ಣ? ಮೊದಲ ದಿನ ಹಳದಿ, ಮರುದಿನ ಹಸಿರು ಎಂದು ಫೋನಿನಲ್ಲಿ ಪಟ್ಟಿ ಓಡಾಡುತ್ತದಲ್ಲ, ಅದು ಶಾಸ್ತ್ರದಲ್ಲಿದೆಯೆಂದು ನಂಬಿ ನಮ್ಮ ಓಣಿಯ ಒಬ್ಬಾಕೆ ಬೂದು ಬಣ್ಣದ ಸೀರೆ ಇಲ್ಲವೆಂದು ಸಾಲ ಮಾಡಿ ತಂದಳು! ಅಮ್ಮಾ, ಅದು ಸುಮಾರು ಇಪ್ಪತ್ತು ವರ್ಷದ ಹಿಂದೆ ಮುಂಬಯಿಯ ಮರಾಠಿ ಪತ್ರಿಕೆಯೊಂದು ಪ್ರಚಾರಕ್ಕೆ ತಂದ ಚಂದದ ಆಟ. ಗೆಳತಿಯರೆಲ್ಲ ಒಂದೇ ಬಣ್ಣ ಉಟ್ಟು ಫೋಟೋ ತೆಗೆಸಿಕೊಳ್ಳಲಿ, ಬೇಡವೆನ್ನುವುದಿಲ್ಲ. ಸಾಲ ಮಾತ್ರ ಬೇಡ. ದೇವಿ ಬಣ್ಣ ಎಣಿಸುವವಳಲ್ಲ.

ಸಂಕ್ರಾಂತಿಗೆ ಕಪ್ಪು ಉಡುವುದು ಅದಕ್ಕಿಂತ ಹಳೆಯ ಜಾಣತನ. ಬೇರೆ ಹಬ್ಬಕ್ಕೆ ಕಪ್ಪು ಅಶುಭವೆನ್ನುವ ಹಿರಿಯರೇ ಸಂಕ್ರಾಂತಿಗೆ ಚಂದ್ರಕಾಳಿ ಸೀರೆ ತೆಗೆಯುತ್ತಿದ್ದರು. ಚಳಿಯ ಕಾಲಕ್ಕೆ ಕಪ್ಪು ಬಣ್ಣ ಬಿಸಿಲಿನ ಕಾವನ್ನು ಹೀರಿ ಹಿಡಿಯುತ್ತದೆ. ಋತುವಿನ ಫ್ಯಾಷನ್ ಅಂದರೆ ಇದು ನೋಡಿ!

ಇನ್ನು ಒಡವೆಯ ಮಾತು. ಬಂಗಾರದ ಬೆಲೆ ಕೇಳಿಯೇ ತಲೆ ಸುತ್ತುವ ಈ ಕಾಲದಲ್ಲಿ ನನಗೆ ಸಿಕ್ಕ ಒಳ್ಳೆಯ ವಸ್ತು ನಮ್ಮೂರಿನದೇ: ಬಿದ್ರಿಯ ಕಿವಿಯೋಲೆ. ಬಿದ್ರಿ ಎಂದರೆ ಹೂದಾನಿ, ಹುಕ್ಕಾ, ಅಧಿಕಾರಿಗಳಿಗೆ ಕೊಡುವ ನೆನಪಿನ ಕಾಣಿಕೆ ಎಂದೇ ನಾವೆಲ್ಲ ತಿಳಿದಿದ್ದೆವು. ಈಗ ಓಲೆ, ಪದಕ, ಬಳೆಗಳನ್ನೂ ಮಾಡುತ್ತಾರೆ. ಸತುವಿಗೆ ಸ್ವಲ್ಪ ತಾಮ್ರ ಬೆರೆಸಿ ಎರಕ ಹೊಯ್ದು, ಉಳಿಯಿಂದ ಚಿತ್ತಾರ ಕೊರೆದು, ಆ ಗೆರೆಯೊಳಗೆ ಬೆಳ್ಳಿಯ ತಂತಿ ಕೂಡಿಸುತ್ತಾರೆ. ಕಡೆಗೆ ಬೀದರ್ ಕೋಟೆಯ ಬಿಸಿಲು ಮಳೆ ಕಾಣದ ಮಣ್ಣನ್ನು ನವಸಾಗರದ ಜೊತೆ ಕುದಿಸಿ ಅದರಲ್ಲಿ ಅದ್ದಿದರೆ ಲೋಹ ಕಪ್ಪಾಗುತ್ತದೆ, ಬೆಳ್ಳಿ ಮಾತ್ರ ಬೆಳ್ಳಗೆ ಉಳಿಯುತ್ತದೆ. 2006ರಲ್ಲಿ ಈ ಕಲೆಗೆ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿತು. 2023ರಲ್ಲಿ ನಮ್ಮೂರಿನ ಕುಶಲಕರ್ಮಿ ಶಾ ರಶೀದ್ ಅಹ್ಮದ್ ಖಾದ್ರಿಯವರಿಗೆ ಪದ್ಮಶ್ರೀ ಬಂತು. ಬಿದ್ರಿಯ ಓಲೆ ಕಪ್ಪು ಸೀರೆಗೂ ಬಿಳಿ ಸೀರೆಗೂ ಒಪ್ಪುತ್ತದೆ. ಒಂದೇ ಎಚ್ಚರಿಕೆ: ಬೆಳ್ಳಿಯಿದೆಯೆಂದು ಹುಣಸೆಹಣ್ಣು ಹಾಕಿ ತಿಕ್ಕಬೇಡಿ! ಮೆತ್ತನೆಯ ಬಟ್ಟೆಗೆ ಒಂದು ತೊಟ್ಟು ಕೊಬ್ಬರಿ ಎಣ್ಣೆ ಹಚ್ಚಿ ಒರೆಸಿದರೆ ಸಾಕು.

ಈಗ ನನ್ನ ಬೋಗಾಣಿಯ ಕಥೆಗೆ ಬರುತ್ತೇನೆ.

ನನ್ನ ತವರು ಭಾಲ್ಕಿ. ಎಮ್ಮೆಯ ಬೆಣ್ಣೆ ಮಾರಿ ಕೂಡಿಸಿದ ದುಡ್ಡಿನಲ್ಲಿ ಅವ್ವ ಎರಡು ಇಳಕಲ್ ಸೀರೆ ಕೊಂಡಿದ್ದಳು. ಒಂದು ಔರಾದಿಗೆ ಕೊಟ್ಟ ನಮ್ಮ ಅಕ್ಕನಿಗೆ, ಒಂದು ನನಗೆ. ಎರಡೂ ಒಂದೇ ನಮೂನೆ. ನವಿಲುನೀಲಿ ಒಡಲು, ಚಿಕ್ಕಿ ದಡಿ, ಕೆಂಪು ರೇಷ್ಮೆಯ ಸೆರಗಿನಲ್ಲಿ ಬಿಳಿಯ ತೆನೆಗಳು. 1982ರಲ್ಲಿ ಅದನ್ನು ಟ್ರಂಕಿನಲ್ಲಿಟ್ಟುಕೊಂಡು ನಾನು ಬೀದರಿನ ಸೊಸೆಯಾಗಿ ಬಂದೆ.

ಆಗ ನೈಲಾನ್, ಜಾರ್ಜೆಟ್ಟುಗಳ ಕಾಲ. ಒಗೆದರೆ ಗಳಿಗೆಯಲ್ಲಿ ಒಣಗುತ್ತಿತ್ತು, ಇಸ್ತ್ರಿ ಬೇಡ, ಬಣ್ಣ ಬಿಡುವುದಿಲ್ಲ. ನ್ಯಾಯವಾಗಿ ಹೇಳಬೇಕೆಂದರೆ, ಬಾವಿಯಿಂದ ನೀರು ಸೇದಿ ಮನೆಮಂದಿಯ ಬಟ್ಟೆ ಒಗೆಯುವ ಸೊಸೆಗೆ ಅದು ವರವೇ ಆಗಿತ್ತು. ಒಮ್ಮೆ ಆರತಿಗೆ ಇಳಕಲ್ ಉಟ್ಟು ಹೋದಾಗ ಒಬ್ಬಾಕೆ, "ಏನ್ರೀ, ಹೊಲದಿಂದ ಹಂಗೇ ಬಂದ್ರೇನು?" ಎಂದಳು. ಎಲ್ಲರೂ ನಕ್ಕರು. ನಾನೂ ನಕ್ಕೆ. ಮನೆಗೆ ಬಂದು ಸೀರೆ ಮಡಚಿಟ್ಟವಳು ಮತ್ತೆ ತೆಗೆಯಲಿಲ್ಲ.

1984ರ ದೀಪಾವಳಿಯ ಮುಂದೆ ಹಳೆ ಬಟ್ಟೆಗೆ ಭಾಂಡಿ ಕೊಡುವಾಕಿ ಬಂದಳು. ತಲೆಯ ಮೇಲಿನ ಬುಟ್ಟಿಯಲ್ಲಿ ಫಳಫಳ ಹೊಳೆಯುವ ಸ್ಟೀಲು. ಒಂದು ದೊಡ್ಡ ಬೋಗಾಣಿಯ ಮೇಲೆ ನನ್ನ ಕಣ್ಣು ಬಿತ್ತು. ಯಜಮಾನರ ಎರಡು ಹಳೆಯ ಪ್ಯಾಂಟು ಕೊಟ್ಟೆ, ಆಕೆ ಒಪ್ಪಲಿಲ್ಲ. ಒಳಗೆ ಹೋಗಿ ಅವ್ವ ಕೊಟ್ಟ ಸೀರೆ ತಂದು ಹಾಕಿದೆ. ಆಕೆ ಸೆರಗನ್ನು ಬೆಳಕಿಗೆ ಹಿಡಿದು ನೋಡಿ, ಮರುಮಾತಾಡದೆ ಬೋಗಾಣಿ ನನ್ನ ಕೈಗಿಟ್ಟು ಎದ್ದೇ ಬಿಟ್ಟಳು. ಆಕೆಗೆ ತಿಳಿದದ್ದು ನನಗೆ ತಿಳಿಯಲಿಲ್ಲ!

ಅದೇ ಚಳಿಗಾಲ ಎಳ್ಳ ಅಮಾವಾಸ್ಯೆಗೆ ಭಾಲ್ಕಿಗೆ ಹೋದೆವು. ನಮ್ಮ ಕಡೆ ಅಂದು ಬುತ್ತಿ ಕಟ್ಟಿಕೊಂಡು, ಒಳ್ಳೆಯ ಸೀರೆ ಉಟ್ಟು ಎಲ್ಲರೂ ಹೊಲಕ್ಕೆ ಹೋಗುತ್ತೇವಷ್ಟೆ. ಸಜ್ಜಿ ರೊಟ್ಟಿಗೆ ಭಜ್ಜಿ ಹಾಕಿ ಕೊಡುತ್ತ ಅವ್ವ ಕೇಳಿದಳು:

"ಆ ನೀಲಿ ಸೀರಿ ಉಟ್ಟು ಬರಬೇಕಿಲ್ಲೇನು?"

"ಟ್ರಂಕಿನಾಗ ಅದ ಅವ್ವಾ. ಹೊಲದಾಗ ಹೊಲಸಾಗ್ತದಂತ ಉಡಲಿಲ್ಲ."

"ಛಲೋ ಮಾಡ್ದಿ. ಜ್ವಾಕಿಲೆ ಇಡು."

ಅವ್ವ 1999ರಲ್ಲಿ ತೀರಿಕೊಂಡಳು. ನಾನು ನಿಜ ಹೇಳಲೇ ಇಲ್ಲ.

ಹೋದ ವರ್ಷ ಮೊಮ್ಮಗಳು ಕಾಲೇಜಿನಿಂದ ಬಂದವಳೇ ಕೊರಳಿಗೆ ಜೋತುಬಿದ್ದಳು. "ಆಯಿ, ಕಾಲೇಜಿನಾಗ ಫಂಕ್ಷನ್ ಅದ. ನಿನ್ನ ಬಲ್ಲಿ ಹಳೇ ಇಳಕಲ್ಲ ಸೀರಿ ಅದ ಏನು? ಹಳೇದೇ ಬೇಕು, ಈಗ ಅದೇ ಫ್ಯಾಷನ್!" ನಾನೇನು ಹೇಳಲಿ? ಹೊಸದು ಕೊಡಿಸುತ್ತೇನೆಂದು ಭಾಲ್ಕಿಯ ಪೇಟೆಗೆ ಕರೆದೊಯ್ದೆ.

ಅಲ್ಲಿ ತೋರಿಸಿದ ಮೊದಲ ನಾಲ್ಕು "ಇಳಕಲ್"ಗಳೂ ಪಾಲಿಸ್ಟರಿನ ಮೇಲೆ ಅಚ್ಚು ಹಾಕಿದವು. ಐದನೆಯದು ನಿಜವಾದ ಇಳಕಲ್. ಬೆಲೆ ಮೂರು ಸಾವಿರಕ್ಕೆ ಮೇಲೆ. ನೀವು ಕೊಳ್ಳುವಾಗ ಇದನ್ನು ಗಮನಿಸಿ. ನಿಜವಾದ ಇಳಕಲ್ ಸೀರೆಯ ಒಡಲಿನ ಹಾಸೆಳೆ ಬೇರೆ, ಸೆರಗಿನ ಹಾಸೆಳೆ ಬೇರೆ. ಎರಡನ್ನೂ ಕೊಂಡಿಯಂತೆ ಒಂದರೊಳಗೊಂದು ಸಿಕ್ಕಿಸಿ ನೇಯುತ್ತಾರೆ. ಆ ಕೂಡುವ ಜಾಗವನ್ನು ಹಿಂದುಮುಂದು ತಿರುಗಿಸಿ ನೋಡಿ. ಅಚ್ಚು ಹಾಕಿದ್ದರೆ ಹಿಂದಿನ ಮಗ್ಗುಲು ಮಾಸಲಾಗಿ ಕಾಣುತ್ತದೆ. ಅಂಚಿನ ಒಂದು ಎಳೆ ಕೇಳಿ ಪಡೆದು ಸುಟ್ಟು ನೋಡಿ: ನೂಲು ಕಾಗದದಂತೆ ಉರಿದು ಬೂದಿಯಾಗುತ್ತದೆ, ರೇಷ್ಮೆ ಕೂದಲು ಸುಟ್ಟ ವಾಸನೆ ಕೊಡುತ್ತದೆ, ಪಾಲಿಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ. ಸೆರಗು ರೇಷ್ಮೆಯದಲ್ಲದೆ ಕೃತಕ ರೇಷ್ಮೆಯದಾದರೆ ಬೆಲೆ ಕಡಿಮೆಯಾಗಬೇಕು. ಕೇಳಲು ನಾಚಬೇಡಿ. ಮೊದಲ ಸಲ ತಣ್ಣೀರಿಗೆ ಉಪ್ಪು ಹಾಕಿ ಪ್ರತ್ಯೇಕ ಒಗೆದು ನೆರಳಿಗೆ ಹಾಕಿ. ಸೆರಗಿಗೆ ಸೋಪಿಗಿಂತ ಅಂಟುವಾಳ ವಾಸಿ. ಜೊತೆಗೆ ಗುಳೇದಗುಡ್ಡದ ಖಣ ಕೊಂಡರೆ ರವಿಕೆಯ ಚಿಂತೆಯೂ ಮುಗಿಯಿತು.

ಮೊಮ್ಮಗಳು ಸೀರೆ ಮುಟ್ಟಿ, "ಚಂದ ಅದ ಆಯಿ, ಖರೇ ಹಳೇದರ ಹಂಗ ಇಲ್ಲ," ಎಂದಳು. ಮನಸ್ಸು ತಡೆಯದೆ ಮುಂದಿನ ವಾರ ಅವಳೊಂದಿಗೆ ಔರಾದಿಗೆ ಅಕ್ಕನ ಮನೆಗೆ ಹೋದೆ.

ಅಕ್ಕ ತನ್ನ ಸೀರೆಯನ್ನು ಟ್ರಂಕಿನಲ್ಲಿಡಲೇ ಇಲ್ಲ. ಹಬ್ಬಕ್ಕೆ ಉಟ್ಟಳು, ಅಮರೇಶ್ವರ ಜಾತ್ರೆಗೆ ಉಟ್ಟಳು, ಬಣ್ಣ ಮಾಸಿದ ಮೇಲೆ ಹೊಲಕ್ಕೂ ಉಟ್ಟಳು. ಒಡಲು ಪಿಸಿದ ಮೇಲೆ ಕೌದಿಗೆ ಹಾಕಿದಳು. ಆ ಕೌದಿಯ ನಡುವೆ ನವಿಲುನೀಲಿ ಇನ್ನೂ ಕಾಣುತ್ತದೆ. ಸೆರಗನ್ನು ಮಾತ್ರ ಕತ್ತರಿಸಿ ಮೆತ್ತನೆಯ ಧೋತರದಲ್ಲಿ ಸುತ್ತಿ ಇಟ್ಟಿದ್ದಳು. ಅದನ್ನು ತಂದು ಹುಡುಗಿಯ ಹೆಗಲಿಗೆ ಹಾಕಿ, "ಓಢಣಿ ಮಾಡ್ಸು ಮಗಾ, ಈಗ ಅದೇ ಅಲ್ಲ ಫ್ಯಾಷನ್ನು?" ಎಂದಳು.

ಆಗ ತಡೆಯಲಾರದೆ ನಾನು ಬೋಗಾಣಿಯ ಸಂಗತಿ ಹೇಳಿಬಿಟ್ಟೆ. ನಲವತ್ತು ವರ್ಷದ ಮೇಲೆ, ಮೊದಲ ಸಲ. ಅಕ್ಕ ಆಶ್ಚರ್ಯಪಡಲಿಲ್ಲ.

"ಹುಚ್ಚಿ, ಅವ್ವಗ ಗೊತ್ತಿತ್ತು. ಆ ದೀಪಾವಳಿಗೆ ನಿನ್ನ ಮನಿಗಿ ಬಂದಾಗ ಹೊಸಾ ಬೋಗಾಣಿ ನೋಡಿದ್ಳು, ನಿಮ್ಮತ್ತಿನ ಕೇಳಿದ್ಳು. ಕೇಳಿದ್ರ ಮನಸಿಗಿ ಹಚ್ಚಿಕೊಳ್ತಾಳ, ನೀನೂ ಏನನ್ನಬ್ಯಾಡ ಅಂತ ನನಗ ಹೇಳಿದ್ಳು."

ಹಾಗಾದರೆ ಎಳ್ಳ ಅಮಾವಾಸ್ಯೆಯ ದಿನ ಹೊಲದಲ್ಲಿ ಅವ್ವ ಕೇಳಿದ್ದು ಸೀರೆಯನ್ನಲ್ಲ. ನಾನು ನಿಜ ಹೇಳುತ್ತೇನೇನೋ ಎಂದು ಕಾದಿದ್ದಳು.

ಸೋದರಿಯರೇ, ಹಳೆಯದೆಲ್ಲ ಚಿನ್ನ, ಹೊಸದೆಲ್ಲ ಹಿತ್ತಾಳೆ ಎಂದು ನಾನು ಹೇಳುವುದಿಲ್ಲ. ಜಾರ್ಜೆಟ್ಟೂ ಬೇಕು, ಕುರ್ತಿಯೂ ಬೇಕು. ಕೊಳ್ಳುವ ಮೊದಲು ಎರಡೇ ಪ್ರಶ್ನೆ ಕೇಳಿಕೊಳ್ಳಿ: ಇದು ನಮ್ಮೂರಿನ ಬಿಸಿಲಿಗೆ, ಚಳಿಗೆ ಒಗ್ಗುತ್ತದೆಯೇ? ಇದನ್ನು ನಾನು ಐವತ್ತು ಸಲವಾದರೂ ಉಡುತ್ತೇನೆಯೇ? ಕೊಡುವ ಮೊದಲು ಇನ್ನೊಂದು ಪ್ರಶ್ನೆ: ಇದನ್ನು ನನಗೆ ಕೊಟ್ಟವರು ಯಾರು, ಯಾವ ದುಡ್ಡಿನಿಂದ? ನಾಲ್ಕು ಜನ ನಕ್ಕರೆಂದು ಕೊಟ್ಟುಬಿಡಬೇಡಿ. ನಕ್ಕವರ ಮೊಮ್ಮಕ್ಕಳೇ ನಾಳೆ ಅದನ್ನು ಹುಡುಕಿಕೊಂಡು ಬರುತ್ತಾರೆ. ಉಡಲಾಗದಿದ್ದರೆ ಸೆರಗನ್ನಾದರೂ ಉಳಿಸಿ.

ಬರುವ ಎಳ್ಳ ಅಮಾವಾಸ್ಯೆಗೆ ಮೊಮ್ಮಗಳು ಆ ಓಢಣಿ ಹೊದ್ದು ಹೊಲಕ್ಕೆ ಬರುವವಳಿದ್ದಾಳೆ. ಭಜ್ಜಿ ಒಯ್ಯಲು ಅದೇ ಬೋಗಾಣಿ. ಒಂದು ಮಾತು ಒಪ್ಪಲೇಬೇಕು: ಬೋಗಾಣಿಯೇನೋ ಗಟ್ಟಿ. ಇಷ್ಟು ವರ್ಷವಾದರೂ ಒಂದು ನೆಗ್ಗು ಸಹ ಬಿದ್ದಿಲ್ಲ.