ಮುಚ್ಚಿ ತೆಗೆದ ಮೇಲೆ ಮಾತ್ರ ಬರೋ ಕಲೆ

ಈ ಸಲ ರಾಗಿ ಪೈರಿನ ಬಗ್ಗೆ ಬರೀತೀನಿ ಅಂದಿದ್ದೆ, ಅದು ಮುಂದಿನ ವಾರಕ್ಕಿರಲಿ. ಡೇರಿಗೆ ಹಾಲು ಹಾಕೋಕೆ ಬಂದಾಗೆಲ್ಲ ಒಬ್ಬರಲ್ಲ ಒಬ್ಬರು ಕೇಳ್ತೀರಿ, "ನಿಮ್ಮ ಮಗಳು ಮನೇಲೇ ಕೂತು ಅದೇನು ಕೆಲಸ ಮಾಡ್ತಾಳೆ?" ಅಂತ. ನಾನು "ಕಂಪ್ಯೂಟರ್ ಕೆಲಸ" ಅಂತ ಹೇಳಿ ಜಾರಿಕೊಳ್ತಿದ್ದೆ. ನಿಜ ಹೇಳ್ಬೇಕಂದ್ರೆ ನನಗೂ ಗೊತ್ತಿರಲಿಲ್ಲ. ಹೋದ ತಿಂಗಳು ಗೊತ್ತಾಯ್ತು, ಅದೂ ನನ್ನ ಹಳೇ ಲ್ಯಾಪ್‌ಟಾಪಿನಿಂದ.

ಈ ಬರಹಗಳನ್ನೆಲ್ಲ ನಾನು ಬರೆಯೋದು, ತೆಂಗಿನಕಾಯಿ ಲೆಕ್ಕ ಇಡೋದು ಅದರಲ್ಲೇ. ಸೆಕೆಂಡ್ ಹ್ಯಾಂಡು. ಮಗಳೇ ಲಿನಕ್ಸ್ ಹಾಕಿ ಕೊಟ್ಟಿದ್ದು. ಹೋದ ತಿಂಗಳು ಒಂದು ರಾತ್ರಿ ಲೆಕ್ಕ ನೋಡ್ತಿದ್ದೆ. 1,480 ಕಾಯಿ ಇರಬೇಕಾದ ಕಡೆ 1,840 ಅಂತ ಕಂಡ್ತು. 360 ಕಾಯಿ ದುಡ್ಡು ಕಮ್ಮಿ ಕೊಟ್ಟಿದಾನೆ ಅಂತ ವ್ಯಾಪಾರಿಗೆ ಫೋನ್ ಮಾಡೋಕೆ ಕೈ ಹಾಕಿದೆ. ಅಷ್ಟರಲ್ಲಿ ಪುಟ ಮೇಲೆ ಕೆಳಗೆ ಸರಿಸಿದೆ ನೋಡಿ, ಆ 1,840 ಮಾಯ. ಅದು ಹಿಂದಿನ ಕೊಯ್ಲಿನ ಲೆಕ್ಕ. ಸರಿಸಿ ಹೋದ ಪುಟದ ಚೂರು ಪರದೆ ಮೇಲೆ ಅಂಟ್ಕೊಂಡು ಉಳಿದಿತ್ತು. ಗೋಡೆಗೆ ಸುಣ್ಣ ಹೊಡೆದ ಮೇಲೂ ಹಳೇ ಪೋಸ್ಟರ್ ಇಣುಕುತ್ತಲ್ಲ, ಹಂಗೆ.

"ನೋಡಮ್ಮ, ಇದು ಕೆಟ್ಟೋಗಿದೆ" ಅಂತ ಮಗಳಿಗೆ ತೋರಿಸಿದೆ. ಅವಳು ಬೈತಾಳೆ ಅಂದ್ಕೊಂಡಿದ್ದೆ. "ಅಪ್ಪಾ, ಮುಟ್ಟಬೇಡ, ಹಂಗೇ ಬಿಡು!" ಅಂತ ಓಡಿ ಬಂದು ಫೋಟೋ ತೆಗೆದ್ಲು. ಇದೇ ಕಲೆ ಯಾವ್ಯಾವುದೋ ದೇಶದಲ್ಲಿ ಹಳೇ ಯಂತ್ರ ಇಟ್ಕೊಂಡಿರೋರಿಗೆ ಬರ್ತಿದೆಯಂತೆ. ಮೂರು ವಾರದಿಂದ ಹುಡುಕ್ತಿದಾಳೆ, ಅವಳ ಹೊಸ ಯಂತ್ರದಲ್ಲಿ ಒಂದು ಸಲಾನೂ ಬಂದಿಲ್ಲ.

ಅವಳು ನೋಡಿಕೊಳ್ಳೋ ಪ್ರೋಗ್ರಾಮಿಗೆ ಕಾಂಪೋಸಿಟರ್ ಅಂತಾರೆ. ನಾವು ಕಂಪ್ಯೂಟರಲ್ಲಿ ನಾಲ್ಕು ಕಿಟಕಿ ತೆಗೆದಿರ್ತೀವಿ, ಒಂದರಲ್ಲಿ ಲೆಕ್ಕ, ಒಂದರಲ್ಲಿ ಹವಾಮಾನ, ಒಂದರಲ್ಲಿ ಹಾಡು. ಒಂದೊಂದು ಪ್ರೋಗ್ರಾಮೂ ತನ್ನ ಚಿತ್ರ ಬರೆದು ಇವಳ ಕೈಗೆ ಕೊಡುತ್ತೆ. ಯಾವುದು ಮೇಲೆ, ಯಾವುದು ಕೆಳಗೆ, ಎಲ್ಲಿ ನೆರಳು ಬೀಳಬೇಕು ಅಂತ ನೋಡಿ, ಎಲ್ಲಾ ಜೋಡಿಸಿ ಒಂದೇ ಚಿತ್ರ ಮಾಡಿ ಪರದೆಗೆ ಕಳಿಸೋದು ಕಾಂಪೋಸಿಟರ್ ಕೆಲಸ. ಅದರೊಳಗೆ ಬಣ್ಣ ಬಳಿಯೋ ಭಾಗದ ಕೋಡ್ ಇವಳದ್ದು.

ಮೊದಲು ಹಿಂಗಿರಲಿಲ್ಲವಂತೆ. 1984ರಲ್ಲಿ ಅಮೆರಿಕದ ಎಂಐಟಿಯಲ್ಲಿ ಎಕ್ಸ್ ವಿಂಡೋ ಅಂತ ಶುರುವಾಯ್ತು. ಆಗ ಎಲ್ಲಾ ಪ್ರೋಗ್ರಾಮೂ ನೇರ ಪರದೆ ಮೇಲೇ ಬರೀತಿದ್ವು. ಮೇಲಿನ ಕಿಟಕಿ ಸರಿಸಿದ್ರೆ ಕೆಳಗಿಂದು ಅಳಿಸಿಹೋಗಿರ್ತಿತ್ತು, ಅದನ್ನ ಎಬ್ಬಿಸಿ "ಮತ್ತೆ ಬರಿ" ಅನ್ನಬೇಕಿತ್ತು. 2006ರಲ್ಲಿ ಕಾಂಪಿಜ್ ಬಂತು, ಕಿಟಕಿ ಹಿಡಿದು ಎಳೆದ್ರೆ ಒದ್ದೆ ಬಟ್ಟೆ ಥರ ಓಲಾಡೋದು. 2008ರ ಜನವರಿಯಲ್ಲಿ ಕೆಡಿಇ 4.0 ಜೊತೆ ಕೆವಿನ್ ಅನ್ನೋದು ಈ ಜೋಡಿಸೋ ವಿದ್ಯೆ ಕಲಿತು ಬಂತು. ಅದೇ ವರ್ಷ ಕ್ರಿಸ್ಟಿಯನ್ ಹೋಗ್ಸ್‌ಬರ್ಗ್ ಅನ್ನೋರು ವೇಲ್ಯಾಂಡ್ ಶುರು ಮಾಡಿದ್ರು. ವೇಲ್ಯಾಂಡಲ್ಲಿ ಕಾಂಪೋಸಿಟರೇ ಯಜಮಾನ, ನಡುವೆ ಇನ್ನೊಬ್ಬರಿಲ್ಲ.

ಈಗ ಲೆಕ್ಕ ಕೇಳಿ, ಲೆಕ್ಕ ಅಂದ್ರೆ ನಮಗೆ ಬೇಗ ಹಿಡಿಸುತ್ತೆ. ನನ್ನ ಹಳೇ ಪರದೆಯಲ್ಲಿ ಅಡ್ಡ 1366 ಚುಕ್ಕಿ, ಉದ್ದ 768 ಚುಕ್ಕಿ. ಗುಣಿಸಿದ್ರೆ 10 ಲಕ್ಷ ದಾಟುತ್ತೆ. ಪರದೆ ಸೆಕೆಂಡಿಗೆ 60 ಸಲ ಬದಲಾಗುತ್ತೆ. ಅಂದ್ರೆ ಪೂರ್ತಿ ಬಳೀತಾ ಕೂತ್ರೆ ಸೆಕೆಂಡಿಗೆ 6 ಕೋಟಿ ಚುಕ್ಕಿ. ಒಂದು ಸುತ್ತಿಗೆ ಸಿಗೋ ಸಮಯ ಸೆಕೆಂಡಿನ ಸಾವಿರ ಭಾಗದಲ್ಲಿ 16 ಚಿಲ್ಲರೆ ಭಾಗ. ಅಷ್ಟರೊಳಗೆ ಮುಗಿಸ್ಲಿಲ್ಲ ಅಂದ್ರೆ ಚಿತ್ರ ತಡವರಿಸುತ್ತೆ.

ಅದಕ್ಕೆ ಜಾಣರು ಏನ್ ಮಾಡಿದಾರೆ ಅಂದ್ರೆ, ಪೂರ್ತಿ ಬಳಿಯೋದೇ ಇಲ್ಲ. ಎಲ್ಲಿ ಬದಲಾಗಿದೆಯೋ ಅಲ್ಲಿ ಮಾತ್ರ ಬಳೀತಾರೆ. ನಾನು ಒಂದು ಅಕ್ಷರ ಒತ್ತಿದ್ರೆ ಆ ಅಕ್ಷರದಷ್ಟು ಜಾಗ. ಹರಿನೀರು ಬಿಟ್ಟು ಡ್ರಿಪ್ ಹಾಕಿದಂಗೆ, ಬೇಕಾದ ಬುಡಕ್ಕೆ ಮಾತ್ರ. ಯಂತ್ರ ಬಿಸಿ ಆಗಲ್ಲ, ಬ್ಯಾಟರಿ ಬಾಳಿಕೆ ಬರುತ್ತೆ.

ಆದ್ರೆ ಇದರಲ್ಲೊಂದು ತೊಡಕಿದೆ. ಅದನ್ನ ಅವಳು ನನಗೆ ಸ್ಲೇಟಿನ ಲೆಕ್ಕದಲ್ಲಿ ಹೇಳಿಕೊಟ್ಲು. ಚಿತ್ರ ಬರೆಯೋಕೆ ಎರಡು ಮೂರು ಸ್ಲೇಟು ಇರ್ತವೆ. ಒಂದನ್ನ ನಾವು ನೋಡ್ತಿರೋವಾಗ ಇನ್ನೊಂದರ ಮೇಲೆ ಅವಳ ಕೋಡ್ ಬರೀತಿರುತ್ತೆ. ನೋಡ್ತಿರೋದರ ಮೇಲೇ ಬರೆದ್ರೆ ಚಿತ್ರ ನಡುವೆ ಹರಿದಂಗೆ ಕಾಣುತ್ತೆ, ಅದಕ್ಕೇ ಬೇರೆ ಸ್ಲೇಟು. ಮುಗಿದ ಮೇಲೆ ಅದಲು ಬದಲು. ಹಂಗಾಗಿ ಅವಳ ಕೈಗೆ ವಾಪಸ್ ಬರೋ ಸ್ಲೇಟಿನಲ್ಲಿ ಇರೋದು ಈಗಿನ ಚಿತ್ರ ಅಲ್ಲ, ಎರಡು ಮೂರು ಸುತ್ತು ಹಳೇದು. ಈಗ ಬದಲಾಗಿದ್ದನ್ನ ಮಾತ್ರ ಬರೆದ್ರೆ ಸಾಲದು, ಆ ಸ್ಲೇಟು ಆಚೆ ಹೋಗಿದ್ದಾಗ ಏನೇನು ಬದಲಾಯ್ತೋ ಅದನ್ನೂ ತುಂಬಿಸಬೇಕು. ಅದಕ್ಕೆ ಪ್ರತಿ ಸ್ಲೇಟಿಗೂ ವಯಸ್ಸು ಅಂತ ಒಂದು ಲೆಕ್ಕ ಇರುತ್ತೆ. ವಯಸ್ಸು ಮೂರು ಅಂದ್ರೆ ಈಗಿನ ಬದಲಾವಣೆ ಜೊತೆಗೆ ಹಿಂದಿನ ಎರಡು ಸುತ್ತಿನದ್ದೂ ಸೇರಿಸಿ ಬಳೀಬೇಕು. ಸೊನ್ನೆ ಅಂದ್ರೆ ಅದರಲ್ಲಿ ಏನಿದೆಯೋ ಗೊತ್ತಿಲ್ಲ, ಪೂರ್ತಿ ಬಳಿ ಅಂತ. ವಯಸ್ಸು ತಪ್ಪಾಯ್ತೋ, ಹಳೇ ಚೂರು ಉಳೀತು. ನನ್ನ 1,840 ಉಳಿದಂಗೆ.

ಯಾಕೆ ನನ್ನ ಯಂತ್ರದಲ್ಲಿ ಮಾತ್ರ? "ಯಾವಾಗ ಯಾವಾಗ ಬರುತ್ತೆ ಅಪ್ಪ, ಯೋಚನೆ ಮಾಡಿ ಹೇಳು" ಅಂದ್ಲು. ಬೆಳೆಗೆ ರೋಗ ಬಂದ್ರೆ ನಾವು ಕೇಳ್ಕೊಳ್ಳೋದೂ ಅದನ್ನೇ ತಾನೆ, ಮಳೆಗೆ ಮುಂಚೇನೋ ಆಮೇಲೋ ಅಂತ. ನಾಲ್ಕು ದಿನ ಗಮನ ಇಟ್ಟೆ. ಐದನೇ ದಿನ ಹೇಳಿದೆ, "ತ್ರೀ ಫೇಸ್ ಕರೆಂಟ್ ಬಂದ ರಾತ್ರಿ ಮಾತ್ರ ಬರುತ್ತೆ."

ಅವಳು ನಕ್ಕಳು. ಕರೆಂಟಿಗೂ ಚಿತ್ರಕ್ಕೂ ಏನ್ ಸಂಬಂಧ? ಆಮೇಲೆ ಅವಳೇ ಹಿಡಿದ್ಲು. ತ್ರೀ ಫೇಸ್ ಬಂದ ತಕ್ಷಣ ನಾನು ಲ್ಯಾಪ್‌ಟಾಪ್ ಮುಚ್ಚಿ ಮೋಟ್ರು ಹಾಕೋಕೆ ಓಡ್ತೀನಿ. ವಾಪಸ್ ಬಂದು ತೆಗೀತೀನಿ. ಮುಚ್ಚಿದಾಗ ಯಂತ್ರ ನಿದ್ದೆ ಹೋಗುತ್ತೆ, ತೆಗೆದಾಗ ಏಳುತ್ತೆ. ಅವಳು ದಿನವಿಡೀ ತನ್ನ ಯಂತ್ರ ಮುಚ್ಚೋದೇ ಇಲ್ಲ! ನನ್ನಂಥ ಹಳೇ ಯಂತ್ರ ನಿದ್ದೆಯಿಂದ ಎದ್ದಾಗ ಸ್ಲೇಟಿನಲ್ಲಿರೋದು ಕಲಸಿಹೋಗಿರುತ್ತೆ, ಆದ್ರೆ ವಯಸ್ಸು ಮಾತ್ರ ಏನೂ ಆಗಿಲ್ಲ ಅನ್ನೋ ಥರ ಹಳೇದನ್ನೇ ಹೇಳುತ್ತೆ.

ಇನ್ನು ಈ ತೊಂದರೆ ಯಾವಾಗ ಸೇರಿಕೊಳ್ತು ಅಂತ ಹುಡುಕಬೇಕಿತ್ತು. ಎರಡು ವರ್ಷದ ಹಿಂದೆ ಸರಿ ಇತ್ತು, ಈಗಿಲ್ಲ. ನಡುವೆ ಒಂಬೈನೂರು ಚಿಲ್ಲರೆ ಬದಲಾವಣೆ ಆಗಿವೆ. ಅಷ್ಟೂ ನೋಡ್ತಾ ಕೂರೋದಿಲ್ಲ. ಪೈಪ್‌ಲೈನ್ ಕಟ್ಕೊಂಡ್ರೆ ನಾವು ಮಧ್ಯದಲ್ಲಿ ಬಿಚ್ಚಿ ನೋಡ್ತೀವಲ್ಲ, ನೀರು ಬಂದ್ರೆ ಆ ಕಡೆ, ಬರ್ಲಿಲ್ಲ ಅಂದ್ರೆ ಈ ಕಡೆ, ಆಮೇಲೆ ಉಳಿದರ್ಧದ ಮಧ್ಯ. ಅದೇ ಉಪಾಯ. ಸಾವಿರ ಇದ್ರೂ ಹತ್ತು ಸಲಕ್ಕೆ ಸಿಗುತ್ತೆ. ಅವಳು ತನ್ನ ಯಂತ್ರದಲ್ಲಿ ತಯಾರು ಮಾಡಿ ಪೆನ್‌ಡ್ರೈವಲ್ಲಿ ತಂದು ಹಾಕೋಳು, ನಾನು ಮುಚ್ಚಿ, ತೆಗೆದು, ಲೆಕ್ಕದ ಪುಟ ಸರಿಸಿ, "ಇದೆ" ಇಲ್ಲಾ "ಇಲ್ಲ" ಅನ್ನೋನು. ಎರಡು ರಾತ್ರಿ ಆಯ್ತು. ನಮ್ಮನೆಯವಳು ಎರಡು ಸಲ ಅನ್ನ ಬಿಸಿ ಮಾಡಿದ್ಲು.

ಹತ್ತನೇ ಸಲಕ್ಕೆ ಸಿಕ್ತು. ಅವಳು ಮಾತಾಡ್ಲಿಲ್ಲ. ಇಣುಕಿ ನೋಡಿದೆ. ಆರು ಸಾಲು ಅಳಿಸಿದ್ದ ಬದಲಾವಣೆ. ಪಕ್ಕದಲ್ಲಿ ಇವಳದ್ದೇ ಹೆಸರು.

ಯಾರೋ ಹಿಂದಿನವರು ಬರೆದಿಟ್ಟಿದ್ದ ಆರು ಸಾಲು. ನಿದ್ದೆಯಿಂದ ಎದ್ದ ಮೇಲೆ ಸ್ಲೇಟಿನ ವಯಸ್ಸು ನಂಬಬೇಡ, ಎಲ್ಲಾ ಸ್ಲೇಟನ್ನೂ ಒಂದೊಂದು ಸಲ ಪೂರ್ತಿ ಬಳಿ, ಅಷ್ಟೇ ಅದರ ಅರ್ಥ. ಯಾಕೆ ಅಂತ ಬರೆದಿರಲಿಲ್ಲ. ಹೊಸ ಯಂತ್ರದಲ್ಲಿ ಅದಿಲ್ಲದೇನೂ ನಡೀತಿತ್ತು. ಕೆಲಸಕ್ಕೆ ಬಾರದ ಹಳೇದು ಅಂತ ಚೊಕ್ಕ ಮಾಡೋವಾಗ ತೆಗೆದು ಹಾಕಿದ್ಲು.

ಅವಳು ಏನ್ ಮಾಡ್ತಾಳೆ ಅಂತ ನೋಡ್ತಾ ಕೂತೆ. ಆ ಕೋಡು ಮುಚ್ಚುಮರೆ ಇಲ್ಲದ್ದು, ಪ್ರಪಂಚದಲ್ಲಿ ಯಾರು ಬೇಕಾದ್ರೂ ಓದಬಹುದು. ಬೇರೆ ದೇಶದಲ್ಲಿರೋ ಜೊತೆಗಾರರು ಹಳೇ ಯಂತ್ರಗಳ ಸಹವಾಸವೇ ಬೇಡ, ಕೈ ಬಿಡೋಣ ಅಂತ ಮೊದಲೇ ಹೇಳಿದ್ರಂತೆ. ಇವಳೂ ಹೂಂ ಅಂದಿದ್ಲಂತೆ. ಹಂಗೇ ಮಾಡಿದ್ರೆ ತಪ್ಪೂ ಮುಚ್ಚಿಹೋಗೋದು. ಅವಳು ಎಲ್ಲರಿಗೂ ಕಾಣೋ ಕಡೆ ಬರೆದ್ಲು: ಇದು ನನ್ನ ಬದಲಾವಣೆಯಿಂದ ಆಗಿದ್ದು, ಕಾರಣ ತಿಳ್ಕೊಳ್ಳದೆ ತೆಗೆದೆ, ವಾಪಸ್ ಹಾಕ್ತಿದೀನಿ. ಆರು ಸಾಲು ಹಾಕಿ, ಅದರ ಮೇಲೆ ಒಂಬತ್ತು ಸಾಲು ಕಾರಣ ಬರೆದ್ಲು. ಎಂಥ ಯಂತ್ರ, ಏನು ಮಾಡಿದ್ರೆ ಕಲೆ ಬರುತ್ತೆ, ಯಾಕೆ ತೆಗೀಬಾರದು ಎಲ್ಲಾ. ಖರ್ಚೆಷ್ಟು? ಎದ್ದ ಮೇಲೆ ಮೂರು ಸುತ್ತು ಪೂರ್ತಿ ಬಳಿಯೋದು, ಸೆಕೆಂಡಿನ ಇಪ್ಪತ್ತನೇ ಒಂದು ಭಾಗ. ಬರೆದು ಕಳಿಸೋಕೆ ಐದು ನಿಮಿಷ ಹಿಡೀತು. ಆಮೇಲೆ ಊಟಕ್ಕೆ ಬಂದ್ಲು.

ನನಗೆ ಅವತ್ತು ಊಟ ಸೇರಲಿಲ್ಲ.

ನಮ್ಮ ಕೆಳಗಿನ ಹೊಲದ ಮೂಲೆಯಲ್ಲಿ ನಮ್ಮಪ್ಪ ಇಟ್ಟಿದ್ದ ಕಲ್ಲು ಮೋರಿ ನಿಮ್ಮಲ್ಲಿ ಹಳಬರಿಗೆ ನೆನಪಿರಬಹುದು. ವರ್ಷಾನುಗಟ್ಟಲೆ ಅದರಲ್ಲಿ ಒಂದು ತೊಟ್ಟು ನೀರು ಹರಿದಿದ್ದು ನಾನು ನೋಡಿರಲಿಲ್ಲ. ಮೂರು ವರ್ಷದ ಹಿಂದೆ ಅಡಿಕೆ ಸಸಿ ಇಡೋಕೆ ಜೆಸಿಬಿ ತರಿಸಿದಾಗ ಅದನ್ನ ಮುಚ್ಚಿಸಿ ಮಟ್ಟ ಮಾಡಿದೆ. ಆ ವರ್ಷದ ಮಳೆಗೆ ನೀರು ನಿಂತು ಬದು ಒಡೆದು ಪಕ್ಕದವರ ರಾಗಿ ಮೇಲೆ ಹೋಯ್ತು. ಅವರು ಕೇಳೋಕೆ ಬಂದಾಗ "ಮಳೆ ಜಾಸ್ತಿ ಆಯ್ತು, ನಾನೇನ್ ಮಾಡಲಿ" ಅಂದೆ. ಊರ ಮುಂದೆಯೂ ಹಂಗೇ ವಾದ ಮಾಡಿದೆ. ಆವತ್ತಿಂದ ಅವರು ನಮ್ಮನೆ ಕಡೆ ತಿರುಗಿ ನೋಡಲ್ಲ.

ಅವರು ಈ ಪುಟ ಓದ್ತಾರೆ ಅಂತ ನನಗೆ ಗೊತ್ತು. ಮಳೆ ಅಲ್ಲಣ್ಣ, ನಾನು ಮೋರಿ ಮುಚ್ಚಿದ್ದೇ ಕಾರಣ. ಆವತ್ತೇ ಗೊತ್ತಿತ್ತು. ಮಗಳು ಐದು ನಿಮಿಷದಲ್ಲಿ ಬರೆದಿದ್ದನ್ನ ಬರೆಯೋಕೆ ನನಗೆ ಮೂರು ವರ್ಷ ಹಿಡೀತು. ಈ ವಾರ ಮೋರಿ ಬಿಡಿಸ್ತಿದೀನಿ, ನೀವೂ ಬಂದು ನಿಂತು ನೋಡಿ, ಮಟ್ಟ ಸರಿ ಇದೆಯಾ ಅಂತ ಹೇಳಿ. ಆ ವರ್ಷದ ರಾಗಿ ಮಾತನ್ನೂ ಕೂತು ಆಡೋಣ.

ಉಳಿದೋರಿಗೆ ಒಂದು ಮಾತು. ಒಂದು ನೋಟ್ ಪುಸ್ತಕ ತಗೊಳ್ಳಿ. ಪೈಪ್ ಎಲ್ಲಿ ಹೂತಿದೀರಿ, ಎಷ್ಟು ಅಡಿ ಆಳ, ಯಾವ ಕಲ್ಲು ಯಾಕಿದೆ, ಯಾವ ಬದು ಯಾಕೆ ಓರೆ ಇದೆ ಅಂತ ಬರೆದಿಡಿ. ಎಲ್ಲಿ ಅಂತ ಬರೆದ್ರೆ ಸಾಲದು, ಯಾಕೆ ಅಂತಾನೂ ಬರೀರಿ. ನಮ್ಮಪ್ಪ ಬರೆದಿಡಲಿಲ್ಲ, ಅವರಿಗೆ ಓದು ಬರ್ತಿರಲಿಲ್ಲ. ಎಸ್ಸೆಸ್ಸೆಲ್ಸಿ ಪಾಸಾದ ನಾನೂ ಕೇಳಿ ತಿಳ್ಕೊಂಡು ಬರೆದಿಡಲಿಲ್ಲ.

ಹಳೇ ಯಂತ್ರ ಕೈ ಬಿಡೋದು ಸದ್ಯಕ್ಕೆ ಬೇಡ ಅಂತಾಗಿದೆ. ಪರೀಕ್ಷೆ ಮಾಡೋರು ಯಾರು ಅಂತ ಜೊತೆಗಾರರು ಕೇಳಿದ್ರಂತೆ, ಇವಳು ನನ್ನ ಕಡೆ ಕೈ ತೋರಿಸಿದಾಳೆ. ಹಂಗಾಗಿ ಹೊಸ ಆವೃತ್ತಿ ಬಿಡೋಕೆ ಮುಂಚೆ ಮುಚ್ಚಿ ತೆಗೆದು ಹೇಳೋ ಕೆಲಸ ನನ್ನದು. ಸಂಬಳ ಇಲ್ಲ.

ತ್ರೀ ಫೇಸ್ ಬಂತು. ಮುಚ್ತೀನಿ.